ಸ್ಕೋಡಾ ರ‍್ಯಾಪಿಡ್: ಹೊಸ ಅಲಾಯ್ ವೀಲ್ ಹಾಕಿಸಿದ ಮೇಲೆ ಹಿಂದಿನ ಚಕ್ರದಲ್ಲಿ ಲೋಹ ತಾಗುವ ಸದ್ದು, ಬೋಲ್ಟ್ ಎಷ್ಟು ಉದ್ದವಿರಬೇಕು?

ಧಾರವಾಡ_ರ‍್ಯಾಪಿಡ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ರ‍್ಯಾಪಿಡ್ ಪೆಟ್ರೋಲ್ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇದೆ. ಕಂಪನಿಯ ಚಕ್ರಗಳನ್ನು ತೆಗೆಸಿ, ಹೊರಗಿನ ತಯಾರಕರ 16 ಇಂಚಿನ ಅಲಾಯ್ ವೀಲ್‌ಗಳನ್ನು ಹಾಕಿಸಿದ್ದೇನೆ. ಪಿಸಿಡಿ (ಬೋಲ್ಟ್ ರಂಧ್ರಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ) 5×100 ಸರಿಯಾಗಿಯೇ ಇದೆ, 57.1 ಮಿ.ಮೀ. ಹಬ್‌ಗೆ (ಚಕ್ರ ಕೂರುವ ನಡುವಿನ ಭಾಗಕ್ಕೆ) ಹೊಂದುವ ರಿಂಗ್‌ಗಳನ್ನೂ ಕೊಟ್ಟಿದ್ದಾರೆ. ಹಳೆಯ ಬೋಲ್ಟ್‌ಗಳ ಬದಲು ಅಂಗಡಿಯವರು ಎಂ14×1.5 ಅಳತೆಯ (14 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 1.5 ಮಿ.ಮೀ. ಒಳಹೋಗುವ), 35 ಮಿ.ಮೀ. ಉದ್ದದ ಕೋನ್ ಸೀಟ್ (ಚಕ್ರಕ್ಕೆ ಒತ್ತಿ ಕೂರುವ ಭಾಗ ಶಂಕುವಿನ ಆಕಾರದ) ಬೋಲ್ಟ್‌ಗಳನ್ನು ನಾಲ್ಕೂ ಚಕ್ರಗಳಿಗೆ ಹಾಕಿದರು. ಅಂದಿನಿಂದ ನಿಧಾನವಾಗಿ ಸಾಗುವಾಗ ಹಿಂದಿನ ಎಡ ಚಕ್ರದಿಂದ ಟಕ್ ಟಕ್ ಎಂಬ ಸದ್ದು ಕೇಳಿಬರುತ್ತಿದೆ. ಜಾಕ್ ಕೊಟ್ಟು ಕೈಯಿಂದ ತಿರುಗಿಸಿದರೆ ಒಂದು ಕಡೆ ಹಿಡಿದಂತಾಗುತ್ತದೆ. ಹಳೆಯ ಬೋಲ್ಟ್‌ಗಳನ್ನೇ ಮರಳಿ ಹಾಕಿದರೆ ಸಾಕೇ ಎಂದು ದಯವಿಟ್ಟು ತಿಳಿಸಿ.

ಅಳತೆಗೋಲು ಬರೆದದ್ದು:

ನಮಸ್ಕಾರ ಸರ್. ಮೊದಲಿಗೆ ಗಾಡಿಯನ್ನು ಓಡಿಸುವುದನ್ನು ಈಗಲೇ ನಿಲ್ಲಿಸಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ, ಬೋಲ್ಟ್‌ಗಳ ತುದಿ ಹಬ್‌ನ ಹಿಂಬದಿಗೆ ಅಗತ್ಯಕ್ಕಿಂತ ಹೆಚ್ಚು ಹೊರಬಂದು, ಡ್ರಮ್‌ನ ಒಳಗಿರುವ ಬ್ರೇಕ್ ಶೂ, ಸ್ಪ್ರಿಂಗ್ ಅಥವಾ ಹ್ಯಾಂಡ್‌ಬ್ರೇಕ್ ಲಿವರ್‌ಗೆ ತಾಗುತ್ತಿರುವ ಸಾಧ್ಯತೆಯೇ ಹೆಚ್ಚು. ಶೂ ಜಾಗ ಬಿಟ್ಟು ಸರಿದರೆ ಚಕ್ರ ಓಡುತ್ತಿರುವಾಗಲೇ ಹಿಡಿದುಕೊಳ್ಳಬಹುದು.

ಹಳೆಯ ಬೋಲ್ಟ್‌ಗಳನ್ನು ಹೊಸ ಚಕ್ರಗಳಿಗೆ ಹಾಕುವುದೂ ಪರಿಹಾರವಲ್ಲ. ಕಂಪನಿಯ ಬೋಲ್ಟ್‌ನ ಸೀಟ್ ಗೋಳಾಕಾರದ್ದು, ಅಂದರೆ 13 ಮಿ.ಮೀ. ತ್ರಿಜ್ಯದ ಬಾಲ್ ಸೀಟ್. ಹೊರಗಿನ ತಯಾರಕರ ಬಹುಪಾಲು ಚಕ್ರಗಳಲ್ಲಿ 60 ಡಿಗ್ರಿ ಕೋನ್ ಸೀಟ್ ಇರುತ್ತದೆ. ಕೋನ್ ಗುಂಡಿಯಲ್ಲಿ ಬಾಲ್ ಬೋಲ್ಟ್ ಕೂತರೆ ಅವೆರಡರ ಸಂಪರ್ಕ ಒಂದು ತೆಳ್ಳನೆಯ ವೃತ್ತಕ್ಕೆ ಸೀಮಿತವಾಗುತ್ತದೆ. ಅಷ್ಟು ಕಡಿಮೆ ಜಾಗದ ಮೇಲೆ ಬೀಳುವ ಒತ್ತಡಕ್ಕೆ ಅಲ್ಯೂಮಿನಿಯಂ ನಲುಗುತ್ತದೆ, ಬಿಗಿತ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಅಂಗಡಿಯವರು ಕೋನ್ ಬೋಲ್ಟ್ ಆರಿಸಿದ್ದು ಸರಿ, ಎಡವಿದ್ದು ಉದ್ದದಲ್ಲಿ.

ಬೋಲ್ಟ್ ಮೇಲೆ ಅಥವಾ ಡಬ್ಬಿಯ ಮೇಲೆ ಬರೆದ ಉದ್ದವನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಆ ಸಂಖ್ಯೆ ಸೀಟ್ ಮುಗಿಯುವ ಜಾಗದಿಂದ ತುದಿಯವರೆಗಿನ ಅಳತೆ; ತಲೆ ಮತ್ತು ಸೀಟ್ ಅದರಲ್ಲಿ ಸೇರುವುದಿಲ್ಲ. ಅದರಲ್ಲಿ ಎಷ್ಟು ಭಾಗ ಚಕ್ರದ ದಪ್ಪದೊಳಗೇ ಉಳಿಯುತ್ತದೆ, ಎಷ್ಟು ಭಾಗ ಹಬ್‌ಗೆ ಹೋಗುತ್ತದೆ ಎಂಬುದು ಒಂದು ಚಕ್ರದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆದ್ದರಿಂದ ಚಕ್ರವನ್ನು ಬಿಚ್ಚಿ ನೆಟ್ಟಗೆ ನಿಲ್ಲಿಸಿ, ಮುಂಬದಿಯಿಂದ ಬೋಲ್ಟ್ ತೂರಿಸಿ ಸೀಟ್ ಮೇಲೆ ಪೂರ್ತಿ ಕೂರಿಸಿ, ಹಿಂಬದಿಯಲ್ಲಿ ಹಬ್‌ಗೆ ಅಂಟಿಕೊಳ್ಳುವ ಮೇಲ್ಮೈಯಿಂದ ತುದಿ ಎಷ್ಟು ಹೊರಗಿದೆ ಎಂಬುದನ್ನು ವರ್ನಿಯರ್‌ನಿಂದ ಅಳೆಯಿರಿ. ಇದೇ ರೀತಿ ಕಂಪನಿಯ ಚಕ್ರಕ್ಕೆ ಕಂಪನಿಯ ಬೋಲ್ಟ್ ಹಾಕಿಯೂ ಅಳೆಯಿರಿ. ಎರಡೂ ಅಳತೆಗಳನ್ನು ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.

ಧಾರವಾಡ_ರ‍್ಯಾಪಿಡ್ ಬರೆದದ್ದು:

ಧನ್ಯವಾದಗಳು ಸರ್. ಕಂಪನಿಯ ಚಕ್ರದಲ್ಲಿ ಕಂಪನಿಯ ಬೋಲ್ಟ್ (27 ಮಿ.ಮೀ.) 21 ಮಿ.ಮೀ. ಹೊರಬರುತ್ತದೆ. ಹೊಸ ಚಕ್ರದಲ್ಲಿ 35 ಮಿ.ಮೀ. ಬೋಲ್ಟ್ 27.5 ಮಿ.ಮೀ. ಹೊರಬರುತ್ತದೆ. ಹಿಂದಿನ ಎಡಭಾಗದ ಐದು ಬೋಲ್ಟ್‌ಗಳಲ್ಲಿ ಎರಡರ ತುದಿ ಉಜ್ಜಿ ಹೊಳೆಯುತ್ತಿದೆ. ಒಂದು ಸಂದೇಹವಿದೆ: ಹೆಚ್ಚು ಸುತ್ತು ಒಳಹೋದಷ್ಟೂ ಹಿಡಿತ ಗಟ್ಟಿಯಾಗುವುದರಿಂದ ಉದ್ದದ ಬೋಲ್ಟ್ ಒಳ್ಳೆಯದೇ ಎಂದು ಅಂಗಡಿಯಲ್ಲಿ ಹೇಳಿದರು. ಅದು ನಿಜವೇ?

ಅಳತೆಗೋಲು ಬರೆದದ್ದು:

ಕಾರಣ ಸ್ಪಷ್ಟವಾಯಿತು. ಹೊಸ ಬೋಲ್ಟ್ ಮೊದಲಿಗಿಂತ 6.5 ಮಿ.ಮೀ. ಹೆಚ್ಚು ಒಳಗೆ ಹೋಗುತ್ತಿದೆ. ಉಜ್ಜಿದ ತುದಿಗಳೇ ಅದಕ್ಕೆ ಸಾಕ್ಷಿ.

ಅಂಗಡಿಯವರ ಮಾತು ಒಂದು ಮಿತಿಯವರೆಗೆ ಮಾತ್ರ ನಿಜ. ಥ್ರೆಡ್‌ನ ಮೊದಲ ಕೆಲವು ಸುತ್ತುಗಳೇ ಹೆಚ್ಚಿನ ಭಾರವನ್ನು ಹೊರುತ್ತವೆ. ಉಕ್ಕಿನ ಹಬ್‌ನಲ್ಲಿ ಉಕ್ಕಿನ ಬೋಲ್ಟ್ ತನ್ನ ವ್ಯಾಸದಷ್ಟು ಆಳ ಹಿಡಿದರೆ ಬೇಕಾದ ಬಲ ಸಿಗುತ್ತದೆ. ಆಮೇಲೆ ಸೇರಿಸಿದ ಉದ್ದದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ನಿಮ್ಮ ಬೋಲ್ಟ್‌ಗೆ ಇದು 14 ಮಿ.ಮೀ., ಅಂದರೆ ಒಂಬತ್ತಕ್ಕೂ ತುಸು ಹೆಚ್ಚು ಸುತ್ತು. ಯುರೋಪಿನ ಚಕ್ರ ತಯಾರಕರು ಸಾಮಾನ್ಯವಾಗಿ ಎಂ14×1.5ಕ್ಕೆ 7.5, ಎಂ12×1.5ಕ್ಕೆ 6.5 ಪೂರ್ಣ ಸುತ್ತುಗಳನ್ನು ಕನಿಷ್ಠವೆಂದು ಹೇಳುತ್ತಾರೆ. ಇದಕ್ಕಿಂತ ಕಡಿಮೆಯಾದರೆ ಥ್ರೆಡ್ ಕಿತ್ತುಬರುವ ಅಪಾಯವಿದೆ. ಹಾಗಾಗಿ ಗಿಡ್ಡ ಬೋಲ್ಟ್ ಕೂಡ ಅಷ್ಟೇ ಅಪಾಯಕಾರಿ.

ಉದ್ದದ ಬೋಲ್ಟ್‌ನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕೆಡುಕಿದೆ, ಇದನ್ನು ಒತ್ತಿ ಹೇಳಬೇಕು. ಚಕ್ರ ಗಾಡಿಯ ಭಾರವನ್ನು ತಡೆದುಕೊಳ್ಳುವುದು ಮುಖ್ಯವಾಗಿ ಹಬ್ ಮತ್ತು ಚಕ್ರದ ಮೇಲ್ಮೈಗಳ ನಡುವಿನ ಘರ್ಷಣೆಯಿಂದ. ಅವೆರಡನ್ನೂ ಬಲವಾಗಿ ಒತ್ತಿ ಹಿಡಿಯುವುದೇ ಬೋಲ್ಟ್‌ನ ಕೆಲಸ. ಬಿಗಿ ಮಾಡುವಾಗ ತುದಿ ಒಳಗಿನ ಯಾವುದೋ ಭಾಗಕ್ಕೆ ಒತ್ತಿ ನಿಂತುಬಿಟ್ಟರೆ, ಟಾರ್ಕ್ ರೆಂಚ್ 120 ನ್ಯೂಟನ್ ಮೀಟರ್‌ಗೆ ಸರಿಯಾಗಿ ಕ್ಲಿಕ್ ಎನ್ನುತ್ತದೆ, ಆದರೆ ಚಕ್ರದ ಮೇಲೆ ಆ ಒತ್ತಡ ಬಿದ್ದೇ ಇರುವುದಿಲ್ಲ. ಬಿಗಿ ಮಾಡಿದವರಿಗೂ ಓಡಿಸುವವರಿಗೂ ಇದು ಗೊತ್ತಾಗುವುದಿಲ್ಲ.

ನಿಮಗೆ ಬೇಕಾದದ್ದು 28 ಮಿ.ಮೀ. ಉದ್ದದ, 60 ಡಿಗ್ರಿ ಕೋನ್ ಸೀಟ್‌ನ ಎಂ14×1.5 ಬೋಲ್ಟ್. 35ರಿಂದ 7 ಕಳೆದರೆ ಹೊರಬರುವ ಭಾಗ 20.5 ಮಿ.ಮೀ. ಆಗುತ್ತದೆ, ಕಂಪನಿಯ ಅಳತೆಗೆ ಅರ್ಧ ಮಿ.ಮೀ. ಮಾತ್ರ ಕಡಿಮೆ. ತಲೆಯ ಮೇಲೆ 10.9 ಎಂಬ ಗುರುತು (ಬೋಲ್ಟ್‌ನ ಬಲದ ದರ್ಜೆ) ಇರುವುದನ್ನೇ ಆರಿಸಿ. ಈಗಿರುವ ಬೋಲ್ಟ್‌ಗಳ ತುದಿ ಕತ್ತರಿಸಿ ಕೊಡುತ್ತೇವೆ ಎಂದು ಲೇತ್ ಅಂಗಡಿಯವರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕತ್ತರಿಸಿದ ತುದಿಯ ಮೊದಲ ಎಳೆ ಹಾಳಾಗಿದ್ದರೆ ಅದು ಹಬ್‌ನ ಥ್ರೆಡ್ಡನ್ನೂ ಕೆಡಿಸುತ್ತದೆ, ಮತ್ತು ಹಬ್‌ನ ಬೆಲೆ ಇಪ್ಪತ್ತು ಬೋಲ್ಟ್‌ಗಳ ಬೆಲೆಗಿಂತ ಬಹಳ ಹೆಚ್ಚು.

ಹೊಸ ಬೋಲ್ಟ್ ಹಾಕುವ ಮುನ್ನ ಎರಡೂ ಹಿಂದಿನ ಡ್ರಮ್‌ಗಳನ್ನು ತೆಗೆಸಿ ಶೂ, ಸ್ಪ್ರಿಂಗ್, ಅಡ್ಜಸ್ಟರ್‌ಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ಬಲಭಾಗದಲ್ಲಿ ಸದ್ದಿಲ್ಲ ಎಂದು ಅದನ್ನು ಬಿಡಬೇಡಿ. ಅನಂತರ ಪ್ರತಿ ಬೋಲ್ಟನ್ನೂ ಕೈಯಿಂದಲೇ ಹಿಡಿಸಿ, ಸೀಟ್ ಮುಟ್ಟುವವರೆಗೆ ಸುತ್ತುಗಳನ್ನು ಎಣಿಸಿ. ಏರ್ ಗನ್ ಬಳಸಿದರೆ ಈ ಎಣಿಕೆಯೂ ಸಿಗುವುದಿಲ್ಲ, ಅಡ್ಡ ಹಿಡಿದ ಥ್ರೆಡ್ಡೂ ತಿಳಿಯುವುದಿಲ್ಲ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ.

ಮಲೆನಾಡು_ಪೋಲೊ ಬರೆದದ್ದು:

ಅಳತೆಗೋಲು ಸರ್ ಹೇಳಿದ್ದಕ್ಕೆ ಒಂದು ವಿಷಯ ಸೇರಿಸುತ್ತೇನೆ. ನಿಮ್ಮ ಸ್ಟೆಪ್ನಿ ಕಂಪನಿಯ ಉಕ್ಕಿನ ಚಕ್ರವೇ ಆಗಿದ್ದರೆ ಅದರ ಸೀಟ್ ಬಾಲ್ ಆಕಾರದ್ದು, ಕೋನ್ ಬೋಲ್ಟ್ ಅದಕ್ಕೆ ಹೊಂದುವುದಿಲ್ಲ. ದಾರಿಯಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಬೇಕಾದಾಗ ಕೈಗೆ ಸಿಗುವುದು ಬಿಚ್ಚಿದ ಕೋನ್ ಬೋಲ್ಟ್‌ಗಳೇ ಆದ್ದರಿಂದ, ಕಂಪನಿಯ ಐದು ಬಾಲ್ ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಸ್ಟೆಪ್ನಿಯ ಜೊತೆಯಲ್ಲೇ ಇಡಿ. ಹೊಸ ಬೋಲ್ಟ್‌ಗಳ ತಲೆ 17 ಅಲ್ಲದೆ 19 ಮಿ.ಮೀ. ಆಗಿದ್ದರೆ ಆ ಪಾನವೂ ಡಿಕ್ಕಿಯಲ್ಲಿರಲಿ.

ಧಾರವಾಡ_ರ‍್ಯಾಪಿಡ್ ಬರೆದದ್ದು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 28 ಮಿ.ಮೀ. ಬೋಲ್ಟ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಡ್ರಮ್ ತೆಗೆಸಿದಾಗ ಎಡಭಾಗದ ಶೂ ಮೇಲೆ ಗೀರುಗಳು ಕಂಡವು, ಒಂದು ಸ್ಪ್ರಿಂಗ್ ಬಾಗಿತ್ತು. ಎರಡೂ ಕಡೆಯ ಶೂಗಳನ್ನು ಬದಲಿಸಿದ್ದಾಯಿತು. ಹೊಸ ಬೋಲ್ಟ್‌ಗಳು ಕೈಯಿಂದ ಒಂಬತ್ತೂವರೆ ಸುತ್ತು ಹೋಗಿ ಕೂತವು. ಚಕ್ರ ಸಲೀಸಾಗಿ ತಿರುಗುತ್ತದೆ, ಸದ್ದು ನಿಂತಿದೆ. ಮುಂದಿನ ಚಕ್ರಗಳಿಗೆ 5 ಮಿ.ಮೀ. ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಇಡುವ ತಟ್ಟೆ) ಹಾಕಿಸುವ ಆಸೆಯಿದೆ. ಆಗ ಇದೇ ಬೋಲ್ಟ್‌ಗಳು ನಡೆಯುತ್ತವೆಯೇ?

ಅಳತೆಗೋಲು ಬರೆದದ್ದು:

ಸಂತೋಷವಾಯಿತು ಸರ್. ಸ್ಪೇಸರ್‌ಗೆ ಇದೇ ಬೋಲ್ಟ್‌ಗಳು ನಡೆಯುವುದಿಲ್ಲ. ಸ್ಪೇಸರ್ ಎಷ್ಟು ದಪ್ಪವೋ ಬೋಲ್ಟ್ ಅಷ್ಟೇ ಹೆಚ್ಚು ಉದ್ದವಿರಬೇಕು, ಅಂದರೆ ಮುಂದಿನವು 33 ಮಿ.ಮೀ. ಆಗುತ್ತವೆ. ಹಾಗಾದಾಗ ಹಿಂದಿನ ಬೋಲ್ಟ್‌ಗಳೊಂದಿಗೆ ಅವು ಎಂದೂ ಬೆರೆಯದಂತೆ ತಲೆಗೆ ಬಣ್ಣದ ಗುರುತು ಹಾಕಿ. 5 ಮಿ.ಮೀ. ಸ್ಪೇಸರ್ ಕೂತ ಮೇಲೆ ಚಕ್ರವನ್ನು ಮಧ್ಯಕ್ಕೆ ಹಿಡಿಯಲು ಹಬ್‌ನ ಅಂಚು ಎಷ್ಟು ಉಳಿಯುತ್ತದೆ ಎಂಬುದನ್ನೂ ಮೊದಲೇ ಅಳೆದು ನೋಡಿ; ಅದು ರಿಂಗ್‌ನೊಳಗೆ ಸರಿಯಾಗಿ ಹಿಡಿಯದಿದ್ದರೆ ಸ್ಪೇಸರ್ ವಿಚಾರ ಬಿಡುವುದೇ ಲೇಸು. ಈಗ ಹಾಕಿರುವ ಬೋಲ್ಟ್‌ಗಳನ್ನು 50ರಿಂದ 100 ಕಿ.ಮೀ. ಓಡಿಸಿದ ಮೇಲೆ, ಚಕ್ರ ತಣ್ಣಗಿರುವಾಗ ಇನ್ನೊಮ್ಮೆ 120ಕ್ಕೆ ಪರೀಕ್ಷಿಸಿ. ಹೊಸ ಚಕ್ರದ ಸೀಟ್‌ಗಳ ಮೇಲೆ ಬಣ್ಣವಿದ್ದರೆ ಅದು ಅಮುಕಿ, ಮೊದಲ ಬಿಗಿತ ಸ್ವಲ್ಪ ಸಡಿಲವಾಗುವುದುಂಟು.