ಲಂಡನ್ ಕಾಲುವೇಲಿ ದೋಣಿ ಎಲ್ಲಿ ಕಟ್ಟೋದು? ನಮ್ಮೂರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯ ಕೆಲವು ಹುಡುಗರು ಲಂಡನ್ನಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡ್ಕೊಂಡಿದಾರೆ. ಅಲ್ಲಿನ ಬಾಡಿಗೆ ನೋಡಿ ಇನ್ನೂ ಕೆಲವರು ಯೋಚನೆ ಮಾಡ್ತಿದಾರೆ. ಅಲ್ಲೇ ದೋಣಿಗಳ ಸುರಕ್ಷತಾ ತಪಾಸಣೆ ಕೆಲಸ ಮಾಡೋ ನಮ್ಮೂರಿನವರೊಬ್ಬರು ಡಿಸೆಂಬರ್ ರಜೆಗೆ ಊರಿಗೆ ಬಂದಿದಾರೆ. ಇವತ್ತು ರಾತ್ರಿ 8ರಿಂದ ಉತ್ತರ ಕೊಡ್ತಾರೆ. ಹೆಸರು ಬೇಡ, ಊರು ಇಲ್ಲಾ ಬಡಾವಣೆ ಹಾಕಿ ಬರೀರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ವಿದ್ಯಾನಗರ: ನಮಸ್ತೆ ಸರ್. ನನ್ನ ತಮ್ಮ ಒಂದು ಹಳೇ ನ್ಯಾರೋಬೋಟ್, ಅಂದ್ರೆ ಕಾಲುವೇಲಿ ಓಡೋ ಉದ್ದನೆಯ ಕಿರಿದಾದ ದೋಣಿ, ತಗೋಬೇಕು ಅಂತಿದಾನೆ. ಕೆಲಸ ಕಿಂಗ್ಸ್ ಕ್ರಾಸ್ ಹತ್ತಿರ. ಅಲ್ಲೇ ದೋಣಿ ಕಟ್ಟೋಕೆ ಜಾಗ ಸಿಗುತ್ತಾ?

ತಪಾಸಕರು: ಕಾಯಂ ಜಾಗ ಸಿಗೋದು ಬಹಳ ಕಷ್ಟ, ಸಿಕ್ಕರೂ ದುಬಾರಿ. ಕಾಯಂ ಜಾಗ ಇಲ್ಲದವರು ಊರೂರು ಸುತ್ತುತ್ತಾ ಇರಬೇಕು. 1995ರ ಕಾಯ್ದೆ ಪ್ರಕಾರ ಒಂದೇ ಕಡೆ ಸತತವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲಂಗಿಲ್ಲ. ಎಂಜಿನ್ ಕೆಟ್ಟರೆ, ಕಾಯಿಲೆ ಬಿದ್ದರೆ, ಕಾಲುವೆ ಹಿಮ ಕಟ್ಟಿದರೆ ಮೊದಲೇ ತಿಳಿಸಿ ಹೆಚ್ಚು ದಿನ ಕೇಳಬಹುದು. 2024ರ ಏಪ್ರಿಲ್‌ನಿಂದ ಹಿಂಗೆ ಸುತ್ತೋ ದೋಣಿಗಳಿಗೆ ಲೈಸೆನ್ಸ್ ಶುಲ್ಕದ ಮೇಲೆ ಹೆಚ್ಚುವರಿಯನ್ನೂ ಹಾಕ್ತಿದಾರೆ. ತಮ್ಮನಿಗೆ ಇದನ್ನ ಲೆಕ್ಕಕ್ಕೆ ಹಿಡಿಯೋಕೆ ಹೇಳಿ.

ರೀಜೆಂಟ್ಸ್ ಕಾಲುವೆ ಪ್ಯಾಡಿಂಗ್ಟನ್ನಿಂದ ಲೈಮ್‌ಹೌಸ್‌ವರೆಗೆ, 1820ರಿಂದ ಇದೆ. ಲಿಟಲ್ ವೆನಿಸ್, ಕ್ಯಾಮ್ಡೆನ್, ಕಿಂಗ್ಸ್ ಕ್ರಾಸ್, ಇಸ್ಲಿಂಗ್ಟನ್, ಎಲ್ಲಾ ಕಡೆ ದೋಣಿಗೆ ದೋಣಿ ಅಂಟಿಕೊಂಡಿರ್ತವೆ. ಕೆಲವು ಜಾಗ ಮೊದಲೇ ಬುಕ್ ಮಾಡ್ಬೇಕು. ದೋಣಿ ತಗೊಳ್ಳೋ ಮುಂಚೆ ಒಂದು ಭಾನುವಾರ ದಂಡೆ ಮೇಲಿನ ಕಾಲುದಾರೀಲಿ ಪೂರ್ತಿ ನಡೆದು ಬರಲಿ. ದೋಣಿಯನ್ನ ನೀರಿನ ಮಟ್ಟದ ಜೊತೆ ಏರಿಸಿ ಇಳಿಸೋ ಲಾಕ್ ಬಾಗಿಲ ಬಳಿ, ಸೇತುವೆ ಕೆಳಗೆ, ತಿರುವಿನಲ್ಲಿ, ನೀರು ತುಂಬಿಸೋ ನಲ್ಲಿ ಹತ್ತಿರ, ದೋಣಿ ತಿರುಗಿಸೋ ಅಗಲ ಜಾಗದಲ್ಲಿ, ಸುರಂಗದ ಬಾಯಲ್ಲಿ ಕಟ್ಟಂಗಿಲ್ಲ. ಇಷ್ಟು ಕಳೆದ ಮೇಲೆ ಎಷ್ಟು ಉಳೀತು ಅಂತ ಅವನೇ ಕಣ್ಣಾರೆ ನೋಡಲಿ. ಪಶ್ಚಿಮಕ್ಕೆ ಅಕ್ಸ್‌ಬ್ರಿಜ್ ಕಡೆ, ಉತ್ತರಕ್ಕೆ ಲೀ ನದಿ ಮೇಲ್ಗಡೆ ಹೋದರೆ ಜಾಗ ಇದೆ.

ಪಿ.ಜೆ. ಬಡಾವಣೆ: ಸರ್ 14 ದಿನ ಆದ್ಮೇಲೆ ನಾಲ್ಕು ಮಾರು ಮುಂದಕ್ಕೆ ಸರಿಸಿ ಕಟ್ಟಿದ್ರೆ ಆಯ್ತಲ್ವಾ?

ತಪಾಸಕರು: ಆಗಲ್ಲ. ಬೇರೆ ಪ್ರದೇಶಕ್ಕೇ ಹೋಗ್ಬೇಕು. ಕಾಯ್ದೆಯಲ್ಲಿ ಮೈಲಿ ಲೆಕ್ಕ ಬರೆದಿಲ್ಲ. ಆದರೆ ಕಾಲುವೆ ನೋಡ್ಕೊಳ್ಳೋ ಟ್ರಸ್ಟ್, ಲೈಸೆನ್ಸ್ ಅವಧಿಯೊಳಗೆ 20 ಮೈಲಿಗಿಂತ ಕಡಿಮೆ ವ್ಯಾಪ್ತೀಲಿ ಓಡಾಡಿದವರನ್ನ ಒಪ್ಪೋದು ಕಷ್ಟ ಅಂತ ಸ್ಪಷ್ಟವಾಗೇ ಹೇಳುತ್ತೆ.

ಹರಿಹರ: ನಮಸ್ಕಾರ ಅಣ್ಣ. ನಮ್ಮಜ್ಜ ತುಂಗಭದ್ರೆಯಲ್ಲಿ ಹರಿಗೋಲು ಹಾಕ್ತಿದ್ದರು. ರಾತ್ರಿ ಮೇಲೆ ಎಳೆದು ಬೋರಲು ಹಾಕಿಬಿಡೋರು, ಕಟ್ಟೋ ಮಾತೇ ಇಲ್ಲ. ಅಷ್ಟು ಉದ್ದದ ಕಬ್ಬಿಣದ ದೋಣಿ ಹೆಂಗ ಕಟ್ತಾರೆ?

ತಪಾಸಕರು: ಒಳ್ಳೇ ಪ್ರಶ್ನೆ. ನ್ಯಾರೋಬೋಟ್ ಅಗಲ 6 ಅಡಿ 10 ಇಂಚು, ಉದ್ದ 50, 60 ಅಡಿ ಇರುತ್ತೆ. ಮುಂದೊಂದು ಹಗ್ಗ, ಹಿಂದೊಂದು ಹಗ್ಗ, ಎರಡನ್ನೂ ದೋಣಿಯಿಂದ ಹೊರಮುಖವಾಗಿ ಓರೆಯಾಗಿ ಎಳೆದು ಕಟ್ಟಬೇಕು. ಇನ್ನೊಂದು ದೋಣಿ ಪಕ್ಕದಲ್ಲಿ ಹಾದು ಹೋಗುವಾಗ ನೀರನ್ನ ಎಳ್ಕೊಂಡು ಹೋಗುತ್ತೆ, ಕಟ್ಟಿದ ದೋಣಿ ಮುಂದೆ ಹಿಂದೆ ಜಗ್ಗುತ್ತೆ. ಹಗ್ಗ ಓರೆ ಇದ್ದರೆ ಆ ಜಗ್ಗು ತಡೆಯುತ್ತೆ. ಮಾಡಿನ ನಡುವೆ ಒಂದು ಹಗ್ಗ ಇರುತ್ತೆ, ಅದು ದಡಕ್ಕೆ ಎಳ್ಕೊಳ್ಳೋಕೆ ಮಾತ್ರ. ಅದರಲ್ಲೇ ಕಟ್ಟಿ ಬಿಟ್ಟರೆ ದೋಣಿ ವಾಲುತ್ತೆ.

ದಡದಲ್ಲಿ ಕಬ್ಬಿಣದ ಉಂಗುರ ಇದ್ದರೆ ಅದಕ್ಕೆ. ತಗಡಿನ ತಡೆ ಬಡಿದಿದ್ದರೆ ಕೊಕ್ಕೆ ಸಿಕ್ಕಿಸ್ತಾರೆ. ಬರೀ ಮಣ್ಣಾದರೆ ಗೂಟ ಹೊಡೆಯೋದು, ನಾವು ದನ ಕಟ್ಟೋಕೆ ಹೊಡೆದಂಗೇ, ನೀರಿನಿಂದ ಆಚೆಗೆ ವಾಲಿಸಿ. ಮಳೆಗಾಲದಲ್ಲಿ ಮಣ್ಣು ನೆನೆದು ಗೂಟ ಕಿತ್ತು ಬರುತ್ತೆ. ಬೆಳಿಗ್ಗೆ ಎದ್ದಾಗ ದೋಣಿ ಕಾಲುವೆಗೆ ಅಡ್ಡ ನಿಂತಿದ್ದನ್ನ ನಾನೇ ನೋಡಿದೀನಿ. ಗೂಟದ ತಲೆಗೆ ಬಿಳಿ ಪ್ಲಾಸ್ಟಿಕ್ ಬಾಟಲಿ ಹಾಕಬೇಕು, ಕತ್ತಲಲ್ಲಿ ಸೈಕಲ್‌ನವರು ಎಡವಬಾರದು.

ಹಳೇಪೇಟೆ: 14 ದಿನ ಮುಗಿದ ಮೇಲೆ ವಾಪಸ್ ಅದೇ ಜಾಗಕ್ಕೆ ಬರಬಹುದಾ? ಪಕ್ಕಕ್ಕೆ ಸರಿಸಿದ್ರೆ ನಡೆಯುತ್ತಾ?

ತಪಾಸಕರು: ಮೇಲೆ ಬರೆದಿದೀನಿ.

ನಿಟುವಳ್ಳಿ: ಸರ್, ನನ್ನ ಮಗ ಎಂ.ಎಸ್ಸಿ. ಓದ್ತಾ ಗೆಳೆಯನ ದೋಣೀಲಿ ಇದಾನೆ, ವಿಕ್ಟೋರಿಯಾ ಪಾರ್ಕ್ ಹತ್ತಿರ. ದಡದಲ್ಲಿ ಜಾಗ ಇಲ್ಲದೆ ಇನ್ನೊಂದು ದೋಣಿ ಮಗ್ಗುಲಿಗೇ ಕಟ್ಟಿದಾರಂತೆ. ವಾರದಿಂದ ಬೆಳಿಗ್ಗೆ ಎದ್ದರೆ ತಲೆನೋವು, ವಾಕರಿಕೆ. ಕಾಲೇಜಿಗೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಸರಿ ಹೋಗುತ್ತಂತೆ. ಚಳಿಗೆ ಅಂತ ಬಾಗಿಲ ಕೆಳಗಿನ ಜಾಲರಿಗೆ ಟವೆಲ್ ತುರುಕಿದಾನೆ. ತಂಪಿಗೆ ಹಂಗಾಗ್ತತಿ ಅನ್ಕೊಂಡಿದ್ದೆ. ನಮ್ಮ ಅಕ್ಕನ ಗುಂಪಿನಲ್ಲಿ ಬಂದಿತ್ತು, ಬಾಂಡ್ಲೀಲಿ ಇದ್ದಿಲು ಕೆಂಡ ಮಾಡಿ ಕರ್ಪೂರ ಹಾಕಿ ಮೂಲೆಗಿಟ್ಟರೆ ತೇವ ಹೋಗುತ್ತೆ ಅಂತ. ಅವನಿಗೆ ಕಳಿಸ್ಲಾ?

ತಪಾಸಕರು: ಅಕ್ಕ, ಕಳಿಸಬೇಡಿ. ಕಳಿಸಿದ್ದರೆ ಈಗಲೇ ಫೋನ್ ಮಾಡಿ ಬೇಡ ಅನ್ನಿ. ಉಳಿದವರು ಸ್ವಲ್ಪ ಸುಮ್ಮನಿರಿ.

ದೋಣೀಲಿ ಇದ್ದಾಗ ತಲೆನೋವು, ಹೊರಗೆ ಹೋದರೆ ಇಳಿಯೋದು. ಇದು ತಂಪಲ್ಲ. ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಇದು ಹೋಗಿ ಕೂರುತ್ತೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ಮಲಗಿದವರು ಏಳದೇ ಹೋಗ್ತಾರೆ.

ಎಲ್ಲಿಂದ ಬರ್ತಿದೆ ಅಂತ ಕೇಳಿ. ಒಂದು, ಒಳಗಿನ ಕಲ್ಲಿದ್ದಲ ಒಲೆ. ರಾತ್ರಿ ಗಾಳಿ ಕಿಂಡಿ ಮುಚ್ಚಿ ನಿಧಾನ ಉರಿಯೋಕೆ ಬಿಟ್ಟು ಮಲಗ್ತಾರೆ. ಒಲೆ ಬಾಗಿಲ ಸುತ್ತ ಹಗ್ಗದಂಥ ಸೀಲ್ ಸವೆದಿದ್ದರೆ, ಹೊಗೆ ಕೊಳವೆ ಮಸಿ ಕಟ್ಟಿದ್ದರೆ, ಈ ವಿಷಗಾಳಿ ಒಳಗೇ ತಿರುಗುತ್ತೆ. ಎರಡು, ಪಕ್ಕದ ದೋಣಿ. ನನಗೆ ಇದೇ ಹೆಚ್ಚು ಅನುಮಾನ. ಡಿಸೆಂಬರಿನಲ್ಲಿ ಅಲ್ಲಿ ಬಿಸಿಲಿಲ್ಲ, ಸೋಲಾರ್ ಹಲಗೆ ಏನೂ ಕೊಡಲ್ಲ. ಜನ ಬ್ಯಾಟರಿ ತುಂಬಿಸೋಕೆ ಸಂಜೆ ಎಂಜಿನ್ ಇಲ್ಲಾ ಪೆಟ್ರೋಲ್ ಜನರೇಟರ್ ಓಡಿಸ್ತಾರೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಓಡಿಸಬಾರದು ಅನ್ನೋ ನಿಯಮ ಇದೆ, ಅದಕ್ಕೇ ಎಲ್ಲರೂ 8ರ ಒಳಗೆ ಮುಗಿಸೋಕೆ ನೋಡ್ತಾರೆ. ಮಗ್ಗುಲಿಗೆ ಮಗ್ಗುಲು ಕಟ್ಟಿದಾಗ ಅವರ ಹೊಗೆ ಕೊಳವೆಗೂ ನಿಮ್ಮ ಹುಡುಗನ ಕಿಟಕಿಗೂ ಒಂದು ಗೇಣು ಅಂತರ. ಗಾಳಿ ಆಡದ ರಾತ್ರಿ ಅದು ಎರಡು ದೋಣಿ ನಡುವಿನ ಸಂದೀಲೇ ನಿಂತು ಒಳಗೆ ಇಳಿಯುತ್ತೆ. ಮೇಲಿಂದ ಜಾಲರಿಗೆ ಟವೆಲ್ ತುರುಕಿದ್ದಾನೆ. ಒಳಗೆ ಬಂದದ್ದು ಹೊರಗೆ ಹೋಗೋಕೆ ದಾರಿಯೇ ಇಲ್ಲ. ಆ ಜಾಲರಿ ಇಟ್ಟಿರೋದೇ ಜೀವ ಉಳಿಸೋಕೆ ಅಕ್ಕ.

ಈಗ ಇಲ್ಲಿ ರಾತ್ರಿ 9. ಅಲ್ಲಿ ಮಧ್ಯಾಹ್ನ ಮೂರೂವರೆ. ಇನ್ನರ್ಧ ಗಂಟೇಲಿ ಕತ್ತಲಾಗುತ್ತೆ, ಪಕ್ಕದವರು ಜನರೇಟರ್ ಹಚ್ಚೋ ಹೊತ್ತು. ಮಗ ದೋಣಿಯಿಂದ ಹೊರಗೆ ಬರಲಿ, ಗೆಳೆಯನೂ ಬರಲಿ. ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಕೇಳಲಿ, ಇವತ್ತೇ. ತಡ ಮಾಡಿದರೆ ರಕ್ತದಿಂದ ಇಳಿದುಹೋಗಿ ಪರೀಕ್ಷೇಲಿ ಸಿಗಲ್ಲ. ಮಂಪರು, ಎದೆನೋವು, ನಿಲ್ಲೋಕಾಗದಷ್ಟು ಸುಸ್ತು ಇದ್ದರೆ ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಲಿ. ಈ ವಿಷಗಾಳಿ ಬಂದರೆ ಹೊಡಕೊಳ್ಳೋ ಅಲಾರಂ ಇದೆಯಾ ಕೇಳಿ. 2019ರ ಏಪ್ರಿಲ್‌ನಿಂದ ಮಲಗೋ ವ್ಯವಸ್ಥೆ ಇರೋ ದೋಣಿಗಳಲ್ಲಿ ಕಡ್ಡಾಯ.

ಎಂ.ಸಿ.ಸಿ. ಬಿ ಬ್ಲಾಕ್: ಅಕ್ಕ ಗಾಬರಿ ಆಗ್ಬೇಡಿ. ಆಕ್ಸಿಮೀಟರ್ ಬೆರಳಿಗೆ ಹಾಕ್ಕೊಳ್ಳೋಕೆ ಹೇಳಿ. 95ರ ಮೇಲಿದ್ದರೆ ಏನೂ ಇಲ್ಲ.

ತಪಾಸಕರು: ತಪ್ಪು. ಇಂಥ ಧೈರ್ಯ ಹೇಳಬೇಡಿ. ಬೆರಳಿಗೆ ಹಾಕೋ ಯಂತ್ರಕ್ಕೆ ಆಮ್ಲಜನಕ ಕೂತ ರಕ್ತಕ್ಕೂ ಈ ವಿಷಗಾಳಿ ಕೂತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ. 98 ತೋರಿಸ್ತಾನೇ ಮನುಷ್ಯ ಸಾಯಬಹುದು.

ಶಾಮನೂರು: ನಾನು ನರ್ಸ್. ಅವರು ಹೇಳಿದ್ದು ಸರಿ. ರಕ್ತ ಪರೀಕ್ಷೆಯೇ ಆಗ್ಬೇಕು.

ಹಳೇಪೇಟೆ: ಈರುಳ್ಳಿ ಕತ್ತರಿಸಿ ನಾಲ್ಕು ಮೂಲೆಗಿಟ್ಟರೆ ವಿಷಗಾಳಿ ಹೀರ್ಕೊಳ್ಳುತ್ತೆ ಅಂತ ಬಂದಿದೆ ಸರ್, ಫಾರ್ವರ್ಡ್ ಆದ್ರೂ ಡಾಕ್ಟರೇ ಬರೆದಿದ್ದು. ಬೆಲ್ಲ ತಿಂದರೆ ಹೊಗೆ ಇಳಿಯುತ್ತೆ ಅಂತಲೂ ಐತಿ.

ತಪಾಸಕರು: ಈರುಳ್ಳಿ ಏನೂ ಹೀರಲ್ಲ. ಬೆಲ್ಲ ರಕ್ತದಿಂದ ಇದನ್ನ ತೆಗೆಯಲ್ಲ. ಒಬ್ಬ ತಾಯಿ ಮಗನ ಜೀವದ ವಿಷಯ ಕೇಳ್ತಿದಾರೆ. ಇದನ್ನ ನಂಬಿ ಆ ಹುಡುಗ ಇನ್ನೊಂದು ರಾತ್ರಿ ಅಲ್ಲೇ ಮಲಗಿದರೆ ಯಾರು ಹೊಣೆ? ಅಡ್ಮಿನ್, ಅಳಿಸಿ.

ಹಳೇಪೇಟೆ: ಒಳ್ಳೇದಕ್ಕೇ ಹೇಳಿದ್ದು. ಇಷ್ಟು ಸಿಟ್ಟು ಯಾಕೆ.

ಜಗಳೂರು: ಅಲ್ರೀ, ಮಕ್ಕಳನ್ನ ಅಷ್ಟು ಸಾಲ ಮಾಡಿ ಓದಿಸೋಕೆ ಕಳಿಸಿ ದೋಣೀಲಿ ಮಲಗಿಸೋದು ಏನು? ಒಂದು ರೂಮ್ ಮಾಡಿ ಕೊಡಬಾರದಾ?

ವಿದ್ಯಾನಗರ: ಲಂಡನ್ ಬಾಡಿಗೆ ಕಟ್ಟಿ ನೋಡಿ ಮಾತಾಡಿ ಅಂಕಲ್. ಇಷ್ಟಪಟ್ಟು ದೋಣೀಲಿ ಇರೋ ಜನಾನೂ ಸಾವಿರಾರು ಇದಾರೆ.

ಮಲೇಬೆನ್ನೂರು: ಸರ್, ನಮ್ಮ ಭದ್ರಾ ನಾಲೆ ದಾವಣಗೆರೆ ಊರೊಳಗೇ ಹೋಗ್ತತಿ. ಅದರಾಗೂ ಹಿಂಗ ದೋಣಿ ಬಿಡಬಹುದಲ್ಲ?

ತಪಾಸಕರು: ಬಿಡಂಗಿಲ್ಲ. ಅಲ್ಲಿನ ಕಾಲುವೆ ಸಾಗಾಣಿಕೆಗೆ ತೋಡಿದ್ದು, ಲಾಕ್‌ನಿಂದ ಲಾಕ್‌ಗೆ ನೀರು ಸಮಮಟ್ಟ ನಿಂತಿರುತ್ತೆ. ನಮ್ಮದು ನೀರಾವರಿ ನಾಲೆ. ಇಳಿಜಾರು ಇದೆ, ಸೆಳೆತ ಇದೆ, ಸರದಿ ಮುಗಿದರೆ ಒಣಗುತ್ತೆ. ಕಾಂಕ್ರೀಟ್ ಇಳಿಜಾರು ದಂಡೆ, ಬಿದ್ದರೆ ಕಾಲು ಸಿಗಲ್ಲ. ಮಕ್ಕಳನ್ನ ಈಜೋಕೂ ಬಿಡಬೇಡಿ.

ಹೊಸದುರ್ಗ: ದೋಣಿ ಬಿಡೋ ಮಾತು ಬಿಡ್ರಿ. ನಮಗೆ ಕುಡಿಯೋಕೆ ನೀರಿಲ್ಲ. ಭದ್ರಾ ಮೇಲ್ದಂಡೆ ಯಾವಾಗ ಮುಗಿಯುತ್ತೋ ಅಂತ ಕಾಯ್ತಾ ಒಂದು ತಲೆಮಾರೇ ಮುಗೀತು.

ಮಲೇಬೆನ್ನೂರು: ನೀವು ಮೇಲೆ ತಗೊಂಡರೆ ಕೊನೆ ಭಾಗದ ನಮಗೇನು ಉಳೀತು? ನಮ್ಮ ಭತ್ತ ಪ್ರತಿ ಬೇಸಿಗೆ ಒಣಗ್ತತಿ. ಆ 29.90 ಟಿ.ಎಂ.ಸಿ.ಯಲ್ಲಿ ಎಷ್ಟು ತುಂಗೆಯಿಂದ ಬರ್ತತಿ, ಎಷ್ಟು ಭದ್ರೆಯಿಂದ ಹೋಗ್ತತಿ, ಗೊತ್ತಾ?

ಹೊಸದುರ್ಗ: 17.40 ತುಂಗೆಯಿಂದಲೇ ಎತ್ತಿ ತರೋದು. ನೀವು ಓದದೇ ಗಲಾಟೆ ಮಾಡೋದು.

ಮಲೇಬೆನ್ನೂರು: ಓದಿದ್ದು ನೀರಾಗಿ ಗದ್ದೆಗೆ ಬರಲ್ಲ. ಬಂದು ನೋಡ್ರಿ ಒಂದ್ ಸಲ.

ಚನ್ನಗಿರಿ: ಸರ್, ಸೂಳೆಕೆರೆಯಲ್ಲಿ ದೋಣಿ ಕಟ್ಟೋಕೆ ಒಳ್ಳೇ ಕಟ್ಟೆ ಹೆಂಗ ಕಟ್ಟಬೇಕು ಅಂತ ಹೇಳ್ತೀರಾ?

ಹೊಸದುರ್ಗ: ಗದ್ದೆ ನೀವು ನೋಡಿದೀರಿ, ನಮ್ಮ ಟ್ಯಾಂಕರ್ ಸಾಲು ನೀವೂ ಬಂದು ನೋಡ್ರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲದಿದ್ದರೆ ಗುಂಪು ಲಾಕ್ ಮಾಡ್ತೀನಿ. ನಿಟುವಳ್ಳಿ ಅಕ್ಕ, ಮಗ ಸಿಕ್ಕನಾ?

ಪಿ.ಜೆ. ಬಡಾವಣೆ: ಆಮ್‌ಸ್ಟರ್‌ಡ್ಯಾಂನಲ್ಲಿ ನಿಯಮ ಹೆಂಗಿದೆ ಸರ್? ಅಲ್ಲೂ 14 ದಿನಾನಾ?

ನಿಟುವಳ್ಳಿ: ಸಿಕ್ಕ. ಹೊರಗೆ ಬಂದಿದಾನೆ, ಇಬ್ಬರೂ ಬಂದಿದಾರೆ. ಪಕ್ಕದ ದೋಣೀಲಿ ಹಿಂದುಗಡೆ ಕೆಂಪು ಜನರೇಟರ್ ಇಟ್ಟಿದಾರಂತೆ, ನೀವು ಹೇಳಿದಂಗೇ ದಿನಾ ನಾಲ್ಕರ ಮೇಲೆ ಹಚ್ತಾರಂತೆ. ನನ್ನ ಕೈ ನಡುಗ್ತೈತಿ ಸರ್. ಅಲಾರಂ ಐತಂತೆ. ಆದರೆ ಒಂದ್ ಸಲಾನೂ ಹೊಡಕೊಂಡಿಲ್ಲ. ಗುಂಡಿ ಒತ್ತಿದರೆ ಕೀ ಅಂತತಿ ಅಂದ, ಹಂಗಾದರೆ ವಿಷಗಾಳಿ ಇಲ್ಲ ಅಂತಲ್ವಾ?

ತಪಾಸಕರು: ಅಕ್ಕ, ಕೂತ್ಕೊಂಡು ನೀರು ಕುಡೀರಿ. ಹೊರಗೆ ಬಂದಿದಾನಲ್ಲ, ದೊಡ್ಡ ಕೆಲಸ ಆಯ್ತು. ಗುಂಡಿ ಒತ್ತಿದಾಗ ಗೊತ್ತಾಗೋದು ಬ್ಯಾಟರಿ ಮತ್ತು ಸದ್ದು ಸರಿ ಇದೆ ಅಂತ ಮಾತ್ರ. ಒಳಗಿನ ಸೆನ್ಸರಿಗೆ ಆಯುಸ್ಸು ಇರುತ್ತೆ, ಇಂಥ ವರ್ಷ ಬದಲಿಸಿ ಅಂತ ಅದರ ಮೇಲೇ ಅಚ್ಚಾಗಿರುತ್ತೆ. ದೋಣಿಯೊಳಗೆ ಮತ್ತೆ ಹೋಗೋದು ಬೇಡ. ಗೆಳೆಯನ ಫೋನಿನಲ್ಲಿ ಫೋಟೋ ಇದ್ದರೆ ನೋಡೋಕೆ ಹೇಳಿ.

ಹಳೇಪೇಟೆ: 14 ದಿನದ ಪ್ರಶ್ನೆಗೆ ಸರಿಯಾಗಿ ಉತ್ತರ ಬರಲೇ ಇಲ್ಲ.

ತಪಾಸಕರು: ಬಂದಿದೆ. ಮೇಲೆ ಓದಿ. ಇವತ್ತು ಇನ್ನು ಬೇರೆ ಪ್ರಶ್ನೆ ತಗೊಳ್ಳಲ್ಲ.

ನಿಟುವಳ್ಳಿ: ಆಸ್ಪತ್ರೆಗೆ ಬಸ್ ಹತ್ತಿದಾರೆ. ಫೋಟೋ ಇತ್ತು, ದೋಣಿ ತಗೊಂಡಾಗ ತೆಗೆದಿದ್ದು. ಬದಲಿಸಬೇಕಾದ ವರ್ಷ 2021 ಅಂತ ಐತಂತೆ.

ತಪಾಸಕರು: ಹಂಗಾದರೆ ಅದನ್ನ ನಂಬಂಗಿಲ್ಲ ಅಕ್ಕ, ಇಷ್ಟು ದಿನ ಹೊಡಕೊಳ್ಳದೇ ಇದ್ದದ್ದಕ್ಕೆ ಅದೇ ಕಾರಣ ಇರಬಹುದು. ಆಸ್ಪತ್ರೇಲಿ ಮೊದಲ ಮಾತೇ ‘ದೋಣೀಲಿ ಇರ್ತೀವಿ, ಕಾರ್ಬನ್ ಮೊನಾಕ್ಸೈಡ್ ಅನುಮಾನ’ ಅಂತ ಹೇಳಲಿ. ಇವತ್ತು ರಾತ್ರಿ ಯಾರದಾದರೂ ಮನೇಲಿ ಮಲಗಲಿ. ನಾಳೆ ಹಗಲಲ್ಲಿ, ಎಲ್ಲಾ ಬಾಗಿಲು ಕಿಟಕಿ ತೆಗೆದು ಗಾಳಿ ಆಡಿದ ಮೇಲೆ, ದೋಣಿಗಳಿಗೇ ಅಂತ ಮಾಡಿದ ಹೊಸ ಅಲಾರಂ ಹಾಕಿ, ಟವೆಲ್ ತೆಗೆದು, ದೋಣಿಯನ್ನ ಅಲ್ಲಿಂದ ಬಿಡಿಸಿ ಬೇರೆ ಕಡೆ ಒಂಟಿಯಾಗಿ ಕಟ್ಟಲಿ. ಊರಿಂದ ದೂರ ಆದರೂ ಪರವಾಗಿಲ್ಲ. ಒಲೆ ಮಾತ್ರ ಯಾರಾದರೂ ಬಲ್ಲವರು ನೋಡೋವರೆಗೂ ಹಚ್ಚಬೇಡಿ ಅನ್ನಿ. ನನ್ನ ನಂಬರ್ ಅಡ್ಮಿನ್ ಕೊಡ್ತಾರೆ, ಪರೀಕ್ಷೆ ಫಲಿತಾಂಶ ಬಂದ ಕೂಡಲೇ ಎಷ್ಟೊತ್ತಾದರೂ ಫೋನ್ ಮಾಡಿ.