ವೀರ್ಯಾಣು ಕೌಂಟ್ ನಾರ್ಮಲ್, ಆದ್ರೆ ಡಿಎಫ್‌ಐ (ಡಿಎನ್‌ಎ ತುಂಡಾಗಿರೋ ವೀರ್ಯಾಣು ಎಷ್ಟು ಅನ್ನೋ ಲೆಕ್ಕ) 41 ಪರ್ಸೆಂಟ್ ಬಂದಿದೆ. ಇನ್ನೊಂದ್ ಇಕ್ಸಿ (ಲ್ಯಾಬಲ್ಲಿ ವೀರ್ಯಾಣುನ ಸೂಜೀಲಿ ಅಂಡಾಣು ಒಳಗೆ ಹಾಕೋದು) ಈಗ್ಲೇ ಮಾಡಿಸ್ಬೋದಾ?

ಬೇಕರಿ_ಹಾಸನ:

ಎಲ್ರಿಗೂ ನಮಸ್ಕಾರ. ಇಲ್ಲಿ ಇಷ್ಟು ದಿನ ಓದ್ತಾ ಇದ್ದೆ ಅಷ್ಟೇ, ಬರೀತಿರೋದು ಮೊದಲ್ನೇ ಸಲ, ಸ್ವಲ್ಪ ಉದ್ದ ಆಗುತ್ತೆ.

ನಂಗೆ 35, ಮನೆಯವಳಿಗೆ 30. ಮದ್ವೆ ಆಗಿ ಐದೂವರೆ ವರ್ಷ ಆಯ್ತು. ಊರು ಹಾಸನದ ಹತ್ರ, ಬೆಂಗಳೂರಲ್ಲಿ ಬೇಕರಿ ಇಟ್ಕೊಂಡಿದ್ದೀನಿ. ಮೂರು ಐಯುಐ (ವೀರ್ಯಾನ ನೇರ ಗರ್ಭಕೋಶಕ್ಕೆ ಬಿಡೋದು) ಮಾಡ್ಸಿದ್ವಿ, ಮೂರೂ ಫೇಲ್. ಆಮೇಲೆ ಹೋದ ವರ್ಷ ಇಕ್ಸಿ ಮಾಡ್ಸಿದ್ವಿ. 9 ಅಂಡಾಣು ಸಿಕ್ತು, 7 ಫರ್ಟಿಲೈಸ್ ಆಯ್ತು, ಮೂರನೇ ದಿನ ಫೋನ್ ಮಾಡಿ 6 ಚೆನ್ನಾಗಿದೆ ಅಂದ್ರು, ನಾವು ಆವತ್ತು ಎಷ್ಟ್ ಖುಷಿ ಪಟ್ವಿ ಅಂದ್ರೆ ಅಂಗಡಿಗೆ ಬಂದವರಿಗೆಲ್ಲ ಸುಮ್ನೆ ಸುಮ್ನೆ ಒಂದೊಂದ್ ಬನ್ ಜಾಸ್ತಿ ಹಾಕಿ ಕೊಟ್ಟೆ. ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಐದು ದಿನ ಬೆಳೆದ ಭ್ರೂಣ) ಆಗಿ ಉಳಿದಿದ್ದು ಒಂದೇ ಒಂದು. ಅದನ್ನೇ ಹಾಕಿದ್ರು, ಪಾಸಿಟಿವ್ ಬಂತು, ಏಳನೇ ವಾರದ ಸ್ಕ್ಯಾನಲ್ಲಿ ಹಾರ್ಟ್‌ಬೀಟ್ ಕಾಣಿಸ್ಲಿಲ್ಲ. ಅಲ್ಲಿಗೆ ಮುಗೀತು.

ಮೊದಲ್ನೇ ಸೆಂಟರಲ್ಲಿ ನನ್ನದು ವೀರ್ಯ ಪರೀಕ್ಷೆ ಒಂದೇ ಮಾಡಿದ್ದು. ಎಂಎಲ್‌ಗೆ 4.8 ಕೋಟಿ ಕೌಂಟ್, ಮೊಟಿಲಿಟಿ (ಓಡಾಡೋ ವೀರ್ಯಾಣು) 52 ಪರ್ಸೆಂಟ್, ಎಲ್ಲಾ ನಾರ್ಮಲ್ ಅಂತ ಹೇಳಿ ನನ್ನ ಫೈಲ್ ಮುಚ್ಚಿಟ್ರು. ಅಲ್ಲಿಂದ ಈಚೆಗೆ ಎಲ್ಲಾ ಟೆಸ್ಟು, ಎಲ್ಲಾ ಇಂಜೆಕ್ಷನ್ನು ಅವಳಿಗೇ. ಊರಲ್ಲೂ ಅಷ್ಟೇ, ಹರಕೆ ಅವಳ ಹೆಸರಲ್ಲಿ, ಉಪವಾಸ ಅವಳದ್ದು, ಮಾತೂ ಅವಳಿಗೇ. ಈಗ ಬೇರೆ ಡಾಕ್ಟರ್ ಹತ್ರ ಹೋದಾಗ ಅವರು ನಂಗೆ ಡಿಎನ್‌ಎ ಫ್ರಾಗ್ಮೆಂಟೇಷನ್ ಟೆಸ್ಟ್ ಬರೆದ್ರು, ರಿಪೋರ್ಟ್ 41 ಪರ್ಸೆಂಟ್ ಬಂದಿದೆ. 30ಕ್ಕಿಂತ ಜಾಸ್ತಿ ಇದ್ರೆ ಕೆಟ್ಟದ್ದು ಅಂತ ಅದ್ರಲ್ಲೇ ಪ್ರಿಂಟ್ ಆಗಿದೆ.

ಕೌಂಟ್ ಸರಿ ಇದ್ದು ಡಿಎನ್‌ಎ ಹೇಗೆ ಹಾಳಾಗುತ್ತೆ? ಅಬಾರ್ಷನ್ ಆಗಿದ್ದು ಇದ್ರಿಂದನೇನಾ? ಬೀಜದಿಂದಲೇ ಸೂಜಿ ಹಾಕಿ ವೀರ್ಯಾಣು ತೆಗೆಯೋದು ಅಂತ ಏನೋ ಹೇಳ್ತಾರಲ್ಲ, ಅದು ಬೇಕಾಗುತ್ತಾ? ದಯವಿಟ್ಟು ಗೊತ್ತಿರೋರು ಹೇಳಿ. ರಾತ್ರಿ ನಿದ್ದೆ ಬರ್ತಿಲ್ಲ.

ಜಯನಗರ_4:

ಬ್ರದರ್ ನಮ್ದೂ ಸೇಮ್ ಕೇಸ್. ಡಿಎಫ್‌ಐ 36 ಇತ್ತು, ಎರಡು ಇಕ್ಸಿ ಫೇಲ್ ಆಗಿತ್ತು, ಮೂರನೇ ಸಲ ಟೀಸಾ ಮಾಡಿ (ನೀವು ಕೇಳಿದ ಸೂಜಿ ಹಾಕೋದೇ) ವೀರ್ಯಾಣು ತೆಗೆದ್ರು, ಪಾಸಿಟಿವ್ ಬಂತು, ಈಗ ಆರನೇ ತಿಂಗಳು. ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡಿ, ನೇರ ಟೀಸಾ ಕೇಳಿ.

ಲ್ಯಾಬ್_ಕಿಟಕಿ:

ಬೇಕರಿ ಸರ್, ನಾನು ಐವಿಎಫ್ (ಅಂಡಾಣು, ವೀರ್ಯಾಣುನ ದೇಹದ ಹೊರಗೆ ಸೇರಿಸೋದು) ಲ್ಯಾಬಲ್ಲಿ ಎಂಬ್ರಿಯಾಲಜಿಸ್ಟ್ ಆಗಿ, ಅಂದ್ರೆ ಭ್ರೂಣ ನೋಡ್ಕೊಳ್ಳೋ ಕೆಲ್ಸದಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ, ಈ ಟೆಸ್ಟ್ ಕೈಯಾರೆ ಮಾಡ್ತೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕೌಂಟು, ಮೊಟಿಲಿಟಿ ನೋಡೋದು ಅಂದ್ರೆ ವೀರ್ಯಾಣು ಎಷ್ಟಿದೆ, ಹೇಗೆ ಓಡಾಡುತ್ತೆ ಅನ್ನೋದು ಅಷ್ಟೇ. ತಲೆಯ ಒಳಗೆ ಏನಿದೆ ಅಂತ ಆ ಪರೀಕ್ಷೆಗೆ ಕಾಣಲ್ಲ. ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎನ ಪ್ರೋಟಮೀನ್ ಅನ್ನೋ ಪ್ರೋಟೀನ್ ಹಾಕಿ ಬಿಗಿಯಾಗಿ ಒತ್ತಿ ಮಡಚಿಟ್ಟಿರುತ್ತೆ. ಹಳೇ ರೇಷ್ಮೆ ಸೀರೆ ಪೆಟ್ಟಿಗೇಲಿ ವರ್ಷಗಟ್ಲೆ ಮಡಚಿಟ್ರೆ ಮೇಲ್ನೋಟಕ್ಕೆ ಹೊಸದರ ಹಾಗೇ ಇರುತ್ತೆ, ಬಿಚ್ಚಿದಾಗ ಮಡಿಕೆ ಉದ್ದಕ್ಕೂ ಸೀಳಿರುತ್ತಲ್ಲ, ಹಾಗೆ. ಓಡೋ ವೀರ್ಯಾಣು ಒಳಗೆ ಸೀಳಿರಬೋದು. ಅದಕ್ಕೆ ತನ್ನನ್ನ ತಾನು ರಿಪೇರಿ ಮಾಡ್ಕೊಳ್ಳೋ ಶಕ್ತಿ ಇಲ್ಲ, ಆ ಕೆಲ್ಸ ಮಾಡೋದು ಅಂಡಾಣು. ಒಂದು ಮಟ್ಟದವರೆಗೆ ಅದು ಹೊಲಿದು ಸರಿ ಮಾಡುತ್ತೆ, ಹೆಂಗಸಿನ ವಯಸ್ಸು ಕಡಿಮೆ ಇದ್ದಷ್ಟೂ ಚೆನ್ನಾಗಿ ಮಾಡುತ್ತೆ. ನಿಮ್ಮ ಮನೆಯವರಿಗೆ 30 ಅನ್ನೋದು ನಿಮ್ಮ ಪಾಲಿಗೆ ದೊಡ್ಡ ಪ್ಲಸ್.

ಟೆಸ್ಟ್ ಹೇಗೆ ಅಂದ್ರೆ, ನಮ್ಮಲ್ಲಿ ಎಸ್‌ಸಿಡಿ ಅನ್ನೋ ವಿಧಾನ. ವೀರ್ಯಾನ ತೆಳ್ಳಗಿನ ಅಗರೋಸ್ ಜೆಲ್ ಜೊತೆ ಸ್ಲೈಡ್ ಮೇಲೆ ಹಾಕಿ, ಆಸಿಡ್ ಬಿಟ್ಟು, ಆಮೇಲೆ ಪ್ರೋಟೀನ್ ಕರಗಿಸೋ ದ್ರಾವಣ ಬಿಟ್ಟು, ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ನೋಡ್ತೀವಿ. ಡಿಎನ್‌ಎ ಸರಿ ಇರೋ ತಲೆಯ ಸುತ್ತ ಹುಣ್ಣಿಮೆ ಚಂದ್ರನ ಸುತ್ತ ಕೊಡೆ ಕಟ್ಟಿದ ಹಾಗೆ ದೊಡ್ಡ ವೃತ್ತ ಕಾಣುತ್ತೆ. ತುಂಡಾಗಿರೋದ್ರ ಸುತ್ತ ಏನೂ ಇರಲ್ಲ, ಇಲ್ಲಾಂದ್ರೆ ಸಣ್ಣ ಗೆರೆ ಅಷ್ಟೇ. ಕೂತ್ಕೊಂಡು ಮುನ್ನೂರೋ ಐನೂರೋ ಎಣಿಸ್ತೀವಿ. ನಿಮ್ಮದೂ ಇದೇ ವಿಧಾನ ಆಗಿದ್ರೆ, ನಿಮ್ಮ ಸ್ಲೈಡಲ್ಲಿ ನೂರಕ್ಕೆ 41ಕ್ಕೆ ಸರಿಯಾದ ಕೊಡೆ ಇರ್ಲಿಲ್ಲ ಅಂತ ಅರ್ಥ. ಎಸ್‌ಸಿಎಸ್‌ಎ, ಟ್ಯೂನೆಲ್, ಕಾಮೆಟ್ ಅಂತ ಬೇರೆ ವಿಧಾನಗಳೂ ಇವೆ, ಒಂದರ ನಂಬರ್ ಇನ್ನೊಂದಕ್ಕೆ ಹೋಲಿಸೋ ಹಾಗಿಲ್ಲ, ಹಾಗಾಗಿ ಮತ್ತೆ ಮಾಡ್ಸಿದ್ರೆ ಅದೇ ಲ್ಯಾಬಲ್ಲಿ ಅದೇ ವಿಧಾನದಲ್ಲೇ ಮಾಡ್ಸಿ.

ರಿಸಲ್ಟ್ ಮೇಲೆ ಪರಿಣಾಮ: ಡಿಎಫ್‌ಐ ಜಾಸ್ತಿ ಇದ್ರೆ ಐಯುಐಗೆ ಹೊಡೆತ ಜಾಸ್ತಿ, ಐವಿಎಫ್‌ಗೆ ಅದಕ್ಕಿಂತ ಕಡಿಮೆ, ಇಕ್ಸಿಗೆ ಇನ್ನೂ ಕಡಿಮೆ. ಇಕ್ಸಿಲಿ ಪಾಸಿಟಿವ್ ಬರೋದಕ್ಕೆ ಅಷ್ಟಾಗಿ ಅಡ್ಡಿ ಆಗಲ್ಲ, ಆದ್ರೆ ನಿಂತಿದ್ದು ಉಳಿಯೋದು ಬೇರೆ ಮಾತು. 2012ರಲ್ಲಿ ಹಲವು ಸ್ಟಡಿಗಳನ್ನ ಒಟ್ಟು ಹಾಕಿ ನೋಡಿದಾಗ, ಡ್ಯಾಮೇಜ್ ಜಾಸ್ತಿ ಇದ್ದ ಗುಂಪಲ್ಲಿ ಅಬಾರ್ಷನ್ ರಿಸ್ಕ್ ಸುಮಾರು ಎರಡು ಪಟ್ಟು ಇತ್ತು. ನಿಮ್ಮ 6 ಎಂಬ್ರಿಯೋ (ಭ್ರೂಣ) ಮೂರನೇ ದಿನ ಚೆನ್ನಾಗಿದ್ದು ಐದಕ್ಕೆ ಒಂದಾಗಿದ್ದೂ ಇದಕ್ಕೆ ಹೊಂದುತ್ತೆ. ಮೊದಲೆರಡು ದಿನ ಎಂಬ್ರಿಯೋ ಅಂಡಾಣು ಕಟ್ಕೊಂಡು ಬಂದ ಬುತ್ತೀಲೇ ನಡೆಯುತ್ತೆ, ಅದರ ಸ್ವಂತ ಜೀನ್‌ಗಳು ಕೆಲ್ಸ ಶುರು ಮಾಡೋದು ನಾಲ್ಕರಿಂದ ಎಂಟು ಕೋಶ ಆದಾಗ, ಅಂದ್ರೆ ಸುಮಾರು ಮೂರನೇ ದಿನ. ಅಪ್ಪನ ಕಡೆಯ ತೊಂದರೆ ಹೆಚ್ಚಾಗಿ ಕಾಣೋದು ಅಲ್ಲಿಂದ ಮುಂದೆ. ಆದ್ರೆ ಸರ್, ಇದ್ರಿಂದನೇ ಅಂತ ಹೇಳೋಕಾಗಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗೋ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಕ್ರೋಮೋಸೋಮ್ ಎಣಿಕೆ ತಪ್ಪಿ ಹೋಗೋದು, ಅದು ಯಾರ ಕೈಲೂ ಇಲ್ಲ.

ಈಗ ನೀವು ಮೂರು ವಿಷಯ ಹೇಳ್ಬೇಕು. ಸ್ಯಾಂಪಲ್ ಕೊಡೋಕೆ ಮುಂಚೆ ವೀರ್ಯ ಹೊರಗೆ ಹೋಗದೆ ಎಷ್ಟು ದಿನ ಗ್ಯಾಪ್ ಇತ್ತು? ಅದಕ್ಕೆ ಮುಂಚೆ ಎರಡು ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ? ಮನೇಲೇ ತೆಗೆದು ತಗೊಂಡು ಹೋದ್ರಾ, ಲ್ಯಾಬಲ್ಲೇ ಕೊಟ್ರಾ?

ಬೇಕರಿ_ಹಾಸನ:

ಮೇಡಮ್ಮೋ ಸರ್ರೋ ಗೊತ್ತಿಲ್ಲ, ಇಷ್ಟು ಬಿಡಿಸಿ ಇವತ್ತಿನವರೆಗೂ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಗ್ಯಾಪ್ 9 ದಿನ. ಕೂಡಿಟ್ರೆ ರಿಪೋರ್ಟ್ ಚೆನ್ನಾಗಿ ಬರುತ್ತೆ ಅಂತ ನಾನೇ ಅಂದ್ಕೊಂಡು ಇದ್ದಿದ್ದು. ಜ್ವರ, ಹೌದು, ಟೆಸ್ಟಿಗೆ ಆರು ವಾರ ಮುಂಚೆ ಡೆಂಗ್ಯೂ ಆಗಿ ಐದು ದಿನ ಅಡ್ಮಿಟ್ ಆಗಿದ್ದೆ. ಸ್ಯಾಂಪಲ್ ಮನೇಲಿ ತೆಗೆದು ಆಟೋಲಿ ಹೋದೆ, ಟ್ರಾಫಿಕ್ಕಲ್ಲಿ ಒಂದೂಕಾಲು ಗಂಟೆ ಆಯ್ತು.

ಇನ್ನೊಂದು, ನಂದು ಸೌದೆ ಓವನ್. ಬೆಳಗ್ಗೆ ನಾಲ್ಕಕ್ಕೆ ಓವನ್ ಮುಂದೆ ನಿಂತ್ರೆ ಹತ್ತಕ್ಕೆ ಈಚೆ ಬರೋದು. ಓವನ್ ಬಾಗಿಲು ನನ್ನ ಸೊಂಟದ ಮಟ್ಟಕ್ಕೇ ಇದೆ, ಟ್ರೇ ಎಳೆಯುವಾಗೆಲ್ಲ ಬಿಸಿ ನೇರ ಅಲ್ಲಿಗೇ ಹೊಡೆಯುತ್ತೆ. ಇಷ್ಟು ವರ್ಷ ಒಬ್ರೂ ಕೇಳಿರ್ಲಿಲ್ಲ, ಏನ್ ಕೆಲ್ಸ ಮಾಡ್ತೀಯಾ ಅಂತ.

ಲ್ಯಾಬ್_ಕಿಟಕಿ:

ಮೇಡಂ 🙂

ಸರ್, ಹಾಗಾದ್ರೆ ಆ 41 ನಂಬರಿಗೆ ಈಗ್ಲೇ ಹೆದರ್ಬೇಡಿ. ಗ್ಯಾಪ್ ಜಾಸ್ತಿ ಆದಷ್ಟೂ ವೀರ್ಯಾಣು ಒಳಗೇ ಹಳೇದಾಗಿ ಡಿಎನ್‌ಎ ಕೆಡುತ್ತೆ, ಕೌಂಟಿಗೆ ಒಳ್ಳೇದು ಅನ್ನೋದು ಇದಕ್ಕೆ ಉಲ್ಟಾ. ಒಂದೆರಡು ದಿನದ ಗ್ಯಾಪಲ್ಲಿ ಕೊಟ್ಟಿದ್ರೆ ಕಡಿಮೆ ಬರ್ತಿತ್ತೋ ಏನೋ. ಡೆಂಗ್ಯೂ ಜ್ವರದ ಏಟು ಎರಡು ತಿಂಗಳವರೆಗೂ ಇರುತ್ತೆ. ಸ್ಯಾಂಪಲ್ ಹೊರಗೆ ಹೆಚ್ಚು ಹೊತ್ತು ಇದ್ದಷ್ಟೂ ತುಂಡಾಗೋದು ಏರುತ್ತೆ. ಮೂರೂ ಒಟ್ಟಿಗೆ ಸೇರಿದೆ. ಒಂದು ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳ ಹತ್ರ ಬೇಕು, ಆಮೇಲೆ ನಾಳ ದಾಟಿ ಬರೋಕೆ ಒಂದೆರಡು ವಾರ. ಹಾಗಾಗಿ ಇವತ್ತು ಓವನ್ ಬಿಟ್ರೆ ಅದರ ಫಲ ಕಾಣೋದು ಮೂರು ತಿಂಗಳಿಗೆ. ಬೇಕರಿ ಬಿಡೋದು ಬೇಡ, ಓವನ್ ಮುಂದಿನ ಕೆಲ್ಸ ಇನ್ನೊಬ್ರಿಗೆ ಕೊಟ್ಟು ನೀವು ಕೌಂಟರಿಗೆ ಬನ್ನಿ. ಬೀಜ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರ್ಲಿ ಅಂತಾನೇ ಹೊರಗಿರೋದು.

ಧಾರವಾಡ_ಅಕ್ಕ:

ಅಣ್ಣಾರ, ನಮ್ಮ ಮನಿಯವರಿಗೂ ಹಿಂಗ ಆಗಿತ್ತು ನೋಡ್ರಿ. ಎರಡ ಸರ್ತಿ ನಿಂತು ಹೋಗಿತ್ತು ನನಗ. ಅತ್ತಿಯವರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ ಖರೆ, ಆದ್ರ ಸೀಮಂತದ ಮನಿಗೆ ನನ್ನ ಕರಕೊಂಡು ಹೋಗೂದು ಬಿಟ್ಟರು. ಅದು ಮಾತಿಗಿಂತ ಜಾಸ್ತಿ ನೋವಾಗತೈತಿ.

ಇವರದು ಡಿಎಫ್‌ಐ 37 ಇತ್ತು. ಡಾಕ್ಟರ್ ಇವರನ್ನ ನಿಂದರಿಸಿ ಕೈಯಿಂದ ಪರೀಕ್ಷಾ ಮಾಡಿದರು, ಎಡಗಡೆ ಬೀಜದ ಮ್ಯಾಲಿನ ನರ ಉಬ್ಬಿ ಗಂಟ ಗಂಟ ಆಗಿದ್ವು, ವೆರಿಕೋಸೀಲ್ ಅಂದರು. ಅದಕ್ಕಿಂತ ಮೊದಲ ಮೂರ ಡಾಕ್ಟರ ನೋಡಿದ್ರು, ಒಬ್ಬರೂ ಮುಟ್ಟಿ ನೋಡಿರಲಿಲ್ಲ, ಬರೇ ರಿಪೋರ್ಟ ನೋಡಿ ಕಳಸ್ತಿದ್ರು. ಆಪರೇಷನ್ ಆತು, ನಾಲ್ಕ ತಿಂಗಳ ಮ್ಯಾಲೆ 21ಕ್ಕ ಇಳೀತು. ಗುಟ್ಕಾ, ಸಿಗರೇಟ್ ಎರಡೂ ಬಿಟ್ಟರು, ಅದೂ ಕೂಡೇತಿ. ಯಾವ್ದರಿಂದ ಇಳೀತು ಅಂತ ನನಗ ಹೇಳಾಕ ಬರೂದಿಲ್ಲ. ಮಗಳಿಗೆ ಈಗ ಹದಿನಾಲ್ಕ ತಿಂಗಳ. ನೀವು ನಿಮ್ಮ ಮನಿಯವರನ್ನ ಒಬ್ಬಾಕಿನ್ನ ದವಾಖಾನಿಗೆ ಕಳಸಬ್ಯಾಡ್ರಿ, ಜೋಡಿ ಹೋಗ್ರಿ.

ಮೈಸೂರು_ಯೂರೋ:

ನಾನು ಯೂರಾಲಜಿಸ್ಟ್, ಗಂಡಸರ ಬಂಜೆತನದ ಕೇಸುಗಳನ್ನೇ ಹೆಚ್ಚು ನೋಡೋದು. ಮೇಲಿನ ಎಂಬ್ರಿಯಾಲಜಿಸ್ಟ್ ಮೇಡಂ ಹೇಳಿದ್ದು ಸರಿಯಾಗಿದೆ. ನಾಲ್ಕು ಮಾತು ಸೇರಿಸ್ತೀನಿ.

ಈ ಟೆಸ್ಟ್ ಎಲ್ಲರಿಗೂ ಮೊದಲ ದಿನವೇ ಬೇಕಾಗಿಲ್ಲ. 2020ರ ಅಮೆರಿಕದ ಗೈಡ್‌ಲೈನ್ ಮೊದಲ ತಪಾಸಣೆಯಲ್ಲಿ ಇದು ಬೇಡ ಅನ್ನುತ್ತೆ, ಮತ್ತೆ ಮತ್ತೆ ಗರ್ಭ ಹೋಗ್ತಿದ್ರೆ ಮಾಡ್ಸಿ ಅನ್ನುತ್ತೆ. ಡಬ್ಲ್ಯುಎಚ್‌ಒದ 2021ರ ವೀರ್ಯ ಪರೀಕ್ಷೆ ಕೈಪಿಡೀಲೂ ಇದನ್ನ ಹೆಚ್ಚುವರಿ ಪರೀಕ್ಷೆಗಳ ಸಾಲಲ್ಲಿ ಇಟ್ಟಿದ್ದಾರೆ. ನಿಮ್ಮ ಹಿಸ್ಟರಿಗೆ ನಿಮ್ಮ ಡಾಕ್ಟರ್ ಬರೆದಿದ್ದರಲ್ಲಿ ತಪ್ಪಿಲ್ಲ.

ಜಯನಗರದವರಿಗೆ ಅಭಿನಂದನೆ, ಎಲ್ಲಾ ಸುಸೂತ್ರವಾಗಿ ಆಗ್ಲಿ. ಆದ್ರೆ ಟೀಸಾನ ಮೊದಲ ಹೆಜ್ಜೆಯಾಗಿ ಹೇಳೋದು ಸರಿಯಲ್ಲ. ಬೀಜದಿಂದ ನೇರ ತೆಗೆದ ವೀರ್ಯಾಣುವಿನಲ್ಲಿ ಡ್ಯಾಮೇಜ್ ಕಡಿಮೆ ಇರುತ್ತೆ, ಯಾಕಂದ್ರೆ ಹೆಚ್ಚಿನ ಪಾಲು ಹಾನಿ ಆಗೋದು ಅದು ನಾಳದಲ್ಲಿ ಸಾಗಿ ಬರುವಾಗ ಆಕ್ಸಿಡೇಷನ್ನಿಂದ. ಇಷ್ಟು ನಿಜ. ಆದ್ರೆ ಅದು ಸೂಜಿ ಹಾಕೋ ಪ್ರೊಸೀಜರ್, ರಕ್ತ ಕಟ್ಟೋದು, ಇನ್ಫೆಕ್ಷನ್ ಎಲ್ಲಾ ಸಾಧ್ಯ, ಜೊತೆಗೆ ಇದನ್ನ ಬೆಂಬಲಿಸೋ ಸ್ಟಡಿಗಳು ಹೆಚ್ಚಿನವು ಸಣ್ಣವು. ಒಂದು ಕೆಟ್ಟ ಸ್ಯಾಂಪಲ್ಲಿನ ರಿಪೋರ್ಟ್ ನಂಬಿ ಅದಕ್ಕೆ ಹೋಗ್ಬಾರ್ದು.

ಪೌಡರು, ಮಾತ್ರೆ ಬಗ್ಗೆ ಖಂಡಿತ ಹೇಳ್ಬೇಕು, ಬೇಕರಿ ಸರ್ ನಿಮ್ಗೂ ಯಾರಾದ್ರೂ ತಿಂಗಳಿಗೆ ಸಾವಿರಾರು ರೂಪಾಯಿದು ಬರೆದೇ ಇರ್ತಾರೆ. ಅಮೆರಿಕದಲ್ಲಿ 2,370 ದಂಪತಿಗಳಲ್ಲಿ ಗಂಡಸರಿಗೆ ಆರು ತಿಂಗಳು ಝಿಂಕ್, ಫೋಲಿಕ್ ಆಸಿಡ್ ಇಲ್ಲಾ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದ್ರು, 2020ರಲ್ಲಿ ಬಂತು. ಮಗು ಆಗೋ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲ, ಡಿಎನ್‌ಎ ತುಂಡಾಗೋದು ಝಿಂಕ್ ಮಾತ್ರೆ ತಗೊಂಡವರಲ್ಲೇ ಸ್ವಲ್ಪ ಜಾಸ್ತಿ ಇತ್ತು, ಅವರಲ್ಲಿ 29.7 ಪರ್ಸೆಂಟ್, ಖಾಲಿ ಮಾತ್ರೆಯವರಲ್ಲಿ 27.2. ಹೈಲುರೋನಾನ್ ಅನ್ನೋ ವಸ್ತು ಹಾಕಿ ಇಕ್ಸಿಗೆ ವೀರ್ಯಾಣು ಆರಿಸೋ ಪಿಕ್ಸಿ ಅಂತ ಎಕ್ಸ್ಟ್ರಾ ಬಿಲ್ ಹಾಕ್ತಾರೆ, ಬ್ರಿಟನ್ನಿನ ದೊಡ್ಡ ಟ್ರಯಲ್ 2019ರಲ್ಲಿ ಬಂದಾಗ ಅದ್ರಲ್ಲೂ ಮಗು ಆಗೋ ಪ್ರಮಾಣ ಹೆಚ್ಚಲಿಲ್ಲ, ಅಬಾರ್ಷನ್ ಮಾತ್ರ ಸ್ವಲ್ಪ ಕಡಿಮೆ ಕಂಡಿತು.

ಧಾರವಾಡದ ಅಕ್ಕ ಹೇಳಿದ್ದು ಚಿನ್ನದಂಥ ಮಾತು. ನಿಲ್ಲಿಸಿ ಮುಟ್ಟಿ ನೋಡ್ಬೇಕು. ಕೈಗೆ ಸಿಗೋ ವೆರಿಕೋಸೀಲ್ ಇದ್ರೆ ಆಪರೇಷನ್ನಿಂದ ಡಿಎಫ್‌ಐ ಇಳಿಯುತ್ತೆ. ಕೈಗೆ ಸಿಗದೆ ಬರೀ ಡಾಪ್ಲರ್ ಸ್ಕ್ಯಾನಲ್ಲಿ ಕಾಣೋದಕ್ಕೆ ಚಾಕು ಹಾಕಿಸ್ಕೋಬೇಡಿ.

ಬೇಕರಿ_ಹಾಸನ:

ಎಲ್ರಿಗೂ ಕೈ ಮುಗೀತೀನಿ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವಳಿಗೆ ಓದಿ ಹೇಳ್ದೆ. ಧಾರವಾಡದ ಅಕ್ಕ ಬರೆದಿದ್ದು ಓದುವಾಗ ಅವಳು ಎದ್ದು ಒಳಗೆ ಹೋದ್ಲು, ಸ್ವಲ್ಪ ಹೊತ್ತಾದ್ಮೇಲೆ ಬಂದು ಮುಂದೆ ಓದಿ ಅಂದ್ಲು.

ಓವನ್ನಿಗೆ ತಮ್ಮನ್ನ ಊರಿಂದ ಕರೆಸ್ಕೋಬೇಕು ಅಂತಿದ್ದೆ, ಅವನಿಗೆ ಹೋದ ತಿಂಗಳಷ್ಟೇ ಮದ್ವೆ ಆಗಿದ್ದು ನೆನಪಾಯ್ತು. ಬೇಡ, ಅದಕ್ಕೆ ಎಲೆಕ್ಟ್ರಿಕ್ ಡೆಕ್ ಓವನ್ ವಿಚಾರಿಸ್ತಿದ್ದೀನಿ.

ಬೇಕರಿ_ಹಾಸನ:

ನಾಲ್ಕು ತಿಂಗಳಾದ್ಮೇಲೆ ಬರೀತಿದ್ದೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ. ಡಾಕ್ಟರ್ ನಿಲ್ಲಿಸಿ ಪರೀಕ್ಷೆ ಮಾಡಿದ್ರು, ವೆರಿಕೋಸೀಲ್ ಇಲ್ಲ. ಎರಡು ದಿನದ ಗ್ಯಾಪಲ್ಲಿ, ಲ್ಯಾಬಲ್ಲೇ ಸ್ಯಾಂಪಲ್ ಕೊಟ್ಟೆ, ಅದೇ ಲ್ಯಾಬು ಅದೇ ವಿಧಾನ. 23 ಬಂದಿದೆ. ಓವನ್ನಿಂದ ಇಳೀತೋ, ಜ್ವರ ಇಳಿದಿದ್ದಕ್ಕೋ, ಗ್ಯಾಪಿಗೋ, ನಂಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ ಅಂತ ಅವರೇ ಹೇಳಿದ್ರು. ಟೀಸಾ ಬೇಡ ಅಂತ ತೀರ್ಮಾನ ಆಗಿದೆ, ಮುಂದಿನ ತಿಂಗಳು ಇಕ್ಸಿ.

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಅಮ್ಮನ ಮುಂದೆ ಎರಡೂ ರಿಪೋರ್ಟ್ ಇಟ್ಟು, ಇದು ನನ್ನ ಹೆಸರಿಂದು ಅಂತ ತೋರಿಸ್ದೆ. ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಆದ್ರೂ ತುಂಬಾ ಹೊತ್ತು ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಆಮೇಲೆ ಅಡುಗೆಮನೆಗೆ ಹೋಗಿ, ಆವತ್ತು ಅವಳು ಉಪವಾಸ ಇದ್ಲು, ಅವಳಿಗೆ ತಟ್ಟೆ ಹಾಕಿ ಬಡಿಸಿದ್ರು.