ಟರ್ಕಿ ಬೇಟೆಗೆ ಯಾವ ಹೊತ್ತು? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿ ಕೋಳಿ ಬೇಟೆಯ ಸೀಸನ್ ಹತ್ತಿರ ಬಂತು. ನಮ್ಮ ಗುಂಪಿನ ಮೇಡಂ ಇಲ್ಲಿ ಬೇಟೆ ಸುರಕ್ಷತೆಯ ತರಗತಿ ತೆಗೆದುಕೊಳ್ಳುತ್ತಾರೆ, ವನ್ಯಜೀವಿ ವಿಜ್ಞಾನ ಓದಿದವರು. ಪ್ರಶ್ನೆ ಇದ್ದರೆ ಕೆಳಗೆ ಕೇಳಿ.

ಈರಿ ಕನ್ನಡಿಗ: ನಮಸ್ಕಾರ ಮೇಡಂ. ದಿನದಲ್ಲಿ ಯಾವ ಹೊತ್ತು ಒಳ್ಳೆಯದು? ಎಲ್ಲರೂ ಬೆಳಗಿನ ಜಾವ ಅಂತಾರೆ.

ಮೇಡಂ: ನಮಸ್ಕಾರ. ಬೆಳಗಿನ ಜಾವ ಒಳ್ಳೆಯದೇ, ಆದರೆ ಅದೊಂದೇ ಅಲ್ಲ. ಕಾಡು ಟರ್ಕಿ ರಾತ್ರಿ ಮರದ ಮೇಲೆ ಕೂರುತ್ತದೆ. ಬೆಳಕು ಹರಿಯುವ ಮುಂಚೆಯೇ ಹುಂಜ ಕೊಂಬೆಯಿಂದ ಕೂಗಲು ಶುರು ಮಾಡುತ್ತದೆ. ಸೂರ್ಯ ಹುಟ್ಟುವ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಕೂಗು ಜಾಸ್ತಿ ಕೇಳುವುದು ಆಗ. ಆದರೆ ಇಳಿದ ಮೇಲೆ ಹೇಂಟೆಗಳ ಹಿಂದೆ ಹೋಗಿಬಿಡುತ್ತದೆ, ನೀವು ಎಷ್ಟು ಕರೆದರೂ ಬರುವುದಿಲ್ಲ. ಒಂಬತ್ತು ಹತ್ತರ ಹೊತ್ತಿಗೆ ಹೇಂಟೆಗಳು ಮೊಟ್ಟೆ ಇಡಲು ಗೂಡಿಗೆ ಸರಿಯುತ್ತವೆ. ಹುಂಜ ಒಂಟಿಯಾಗುತ್ತದೆ. ಆಗ ಹೇಂಟೆಯ ದನಿಯಲ್ಲಿ ಕರೆದರೆ ಹುಡುಕಿಕೊಂಡು ಬರುತ್ತದೆ, ಕೆಲವು ಸಲ ಒಂದು ಕೂಗೂ ಹಾಕದೆ. ಅಷ್ಟರಲ್ಲಿ ಬಹಳ ಜನ ಮನೆಗೆ ಹೊರಟಿರುತ್ತಾರೆ. ಹತ್ತರಿಂದ ಹನ್ನೆರಡರ ತನಕ ಕೂರುವ ತಾಳ್ಮೆ ಇದ್ದವರಿಗೆ ನಾನು ಅದನ್ನೇ ಹೇಳುವುದು.

ರೋಚೆಸ್ಟರ್ ನಿವಾಸಿ: ಸಂಜೆ ಹೋಗಬಹುದಾ?

ಮೇಡಂ: ನಿಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ವಸಂತದಲ್ಲಿ ಮಧ್ಯಾಹ್ನ 12ಕ್ಕೆ ಮುಗಿಯಿತು. ಪೆನ್ಸಿಲ್ವೇನಿಯಾದಲ್ಲಿ ಸೀಸನ್ನಿನ ಮೊದಲ ಭಾಗದಲ್ಲಿ 12ರವರೆಗೆ, ಕೊನೆಯ ಭಾಗದಲ್ಲಿ ಇಡೀ ದಿನ. ಟೆಕ್ಸಾಸಿನಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಬಿಡುತ್ತಾರೆ. ಹಕ್ಕಿಯ ಹೊತ್ತಿಗಿಂತ ಮುಂಚೆ ನಿಮ್ಮ ರಾಜ್ಯದ ಆ ವರ್ಷದ ನಿಯಮ ನೋಡಿ.

ಪಿಟ್ಸ್‌ಬರ್ಗ್ ಹೊಸಬ: ಮೇಡಂ, ನನಗಿದು ಮೊದಲ ಸೀಸನ್. ಕತ್ತಲಲ್ಲೇ ಹೋಗಿ, ಕೂಗು ಕೇಳಿದ ಕಡೆ ಮೆಲ್ಲಗೆ ನಡೆದು ಹತ್ತಿರ ಹೋಗೋಣ ಅಂತ ಇದೀನಿ. ಗೆಳೆಯ ಆಚೆ ಕಡೆಯಿಂದ ಬರ್ತಾನೆ. ಚಳಿ ಅಂತ ಕೆಂಪು ಸ್ವೆಟರ್, ಮೇಲೆ ಕ್ಯಾಮೊ ಜಾಕೆಟ್. ಐದೂವರೆಗೆ ಹೊರಟರೆ ಸಾಕಾ?

ಮೇಡಂ: ಹೊರಡುವ ಹೊತ್ತಿನ ಮಾತು ಆಮೇಲೆ. ಈ ಪ್ಲಾನ್ ಪೂರ್ತಿ ಬಿಡಿ. ದಯವಿಟ್ಟು.

ಮಸುಕು ಬೆಳಕಿನಲ್ಲಿ ನಿಮಗೆ ಕೇಳುವ ಕೂಗು ಹಕ್ಕಿಯದೇ ಆಗಿರಬೇಕಿಲ್ಲ. ಇನ್ನೊಬ್ಬ ಬೇಟೆಗಾರ ಮರಕ್ಕೆ ಒರಗಿ ಕೂತು ಕರೆಯುತ್ತಿರಬಹುದು. ನೀವು ಪೊದೆ ಅಲ್ಲಾಡಿಸಿಕೊಂಡು ಹೋಗುವುದು ಅವನ ಬಂದೂಕಿನ ಎದುರಿಗೆ. ಟರ್ಕಿ ಬೇಟೆಯಲ್ಲಿ ಮನುಷ್ಯನನ್ನೇ ಹಕ್ಕಿ ಅಂದುಕೊಂಡು ಗುಂಡು ಹಾರಿಸಿದ ಪ್ರಕರಣಗಳು ಆಗುವುದು ಹೀಗೆ. ಅದಕ್ಕೇ ಪೆನ್ಸಿಲ್ವೇನಿಯಾದಲ್ಲಿ ವಸಂತದಲ್ಲಿ ಹಿಂಬಾಲಿಸುವ ಹಾಗೇ ಇಲ್ಲ. ಕೂತು, ಕರೆದು, ಬರಿಸಿಕೊಳ್ಳಬೇಕು. ನಿಮ್ಮ ಪ್ಲಾನ್ ಕಾನೂನಿಗೂ ವಿರುದ್ಧ.

ಕೆಂಪು ಸ್ವೆಟರ್ ಮನೆಯಲ್ಲಿಡಿ. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಜಾಕೆಟ್ಟಿನ ಕತ್ತಿನ ಹತ್ತಿರ ಒಂಚೂರು ಕೆಂಪು ಇಣುಕಿದರೂ ಸಾಕು. ಕಾಲುಚೀಲ, ಕರವಸ್ತ್ರ, ಒಳಗಿನ ಬನಿಯನ್ ಕೂಡ ಆ ಮೂರು ಬಣ್ಣದಲ್ಲಿ ಬೇಡ. ಕೂರುವಾಗ ನಿಮ್ಮ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಡಿ, ಹಿಂದಿನಿಂದ ರಕ್ಷಣೆ. ನಡೆಯುವಾಗ ಕಿತ್ತಳೆ ಬಣ್ಣದ ಟೋಪಿ ಹಾಕಿ. ಹುಂಜವನ್ನು ಸೆಳೆಯಲು ಇಡುವ ಬೊಂಬೆ ಹಕ್ಕಿ ಒಯ್ಯುವುದಾದರೆ ಚೀಲದೊಳಗೆ ಪೂರ್ತಿ ಮುಚ್ಚಿ. ಬೇರೆ ಬೇಟೆಗಾರ ಕಂಡರೆ ಕೈ ಬೀಸಬೇಡಿ, ಟರ್ಕಿ ದನಿ ತೆಗೆಯಬೇಡಿ. ಜೋರಾಗಿ ಮಾತಾಡಿ. ಹುಂಜದ ಎದೆಯಿಂದ ಜೋತ ಗಡ್ಡ ಸ್ಪಷ್ಟವಾಗಿ ಕಾಣುವವರೆಗೆ ಟ್ರಿಗರ್ ಹತ್ತಿರ ಬೆರಳೇ ಬೇಡ. ಬೆಳಕು ಸಾಲದಿದ್ದರೆ ಕಾಯಿರಿ.

ಗೆಳೆಯ ಎದುರಿನಿಂದ ಬರುವುದಂತೂ ಖಂಡಿತ ಬೇಡ. ಇಬ್ಬರೂ ಒಂದೇ ಮರದ ಬುಡದಲ್ಲಿ ಕೂರಿ. ನೀವಿಬ್ಬರೂ ಸುರಕ್ಷತೆ ತರಗತಿ ಮುಗಿಸಿದ್ದೀರಾ?

ಡೇಟನ್ ಕನ್ನಡಿಗ: ಬೆಳಿಗ್ಗೆನಾ ಸಂಜೆನಾ ಮೇಡಂ? ಒಂದೇ ಮಾತಲ್ಲಿ ಹೇಳಿ.

ಮೇಡಂ: ಮೇಲೆ ಬರೆದಿದ್ದೇನೆ.

ಮೇರಿಲ್ಯಾಂಡ್ ಅಕ್ಕ: ಮಳೆ ಬಂದರೆ ಹೋಗಬೇಕಾ ಬೇಡವಾ?

ಈರಿ ಕನ್ನಡಿಗ: ಅಕ್ಕ, ಮಳೆಯಲ್ಲಿ ಹಕ್ಕಿಗಳು ಬಯಲಿಗೆ ಬರ್ತವೆ, ಹೊಲದ ಅಂಚಲ್ಲಿ ನೋಡಿ. ಗಾಳಿ ಜೋರಿದ್ದರೆ ಕೂಗೂ ಕೇಳಲ್ಲ.

ಕೊಲಂಬಸ್ ಹಿರಿಯರು: ಕಾಡಲ್ಲಿ ಕೂತರೆ ಉಣುಗು ಹತ್ತುತ್ತೆ. ವಾಟ್ಸಾಪಲ್ಲಿ ಬಂದಿತ್ತು: ಕಚ್ಚಿದ ಉಣುಗಿನ ಮೇಲೆ ಸೀಮೆಎಣ್ಣೆ ಅಥವಾ ನೇಲ್ ಪಾಲಿಶ್ ಹಾಕಿದರೆ ತಾನೇ ಬಿದ್ದುಹೋಗುತ್ತೆ. ಎಲ್ಲರಿಗೂ ಉಪಯೋಗ ಆಗಲಿ.

ಮೇಡಂ: ಬೇಡ. ಸೀಮೆಎಣ್ಣೆ ಬೇಡ, ನೇಲ್ ಪಾಲಿಶ್ ಬೇಡ, ಬೆಂಕಿಕಡ್ಡಿ ಬೇಡ. ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ಅಂಟಿದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ತಿರುಚಬೇಡಿ. ಸೋಪು ಹಾಕಿ ತೊಳೆಯಿರಿ. ಉಣುಗಿನಿಂದ ಹರಡುವ ಲೈಮ್ ಕಾಯಿಲೆಯ ರೋಗಾಣು ಮೈಗೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಅದು ತಾನೇ ಬೀಳಲಿ ಅಂತ ಕಾಯುತ್ತಾ ಕೂತರೆ ಆ ಹೊತ್ತನ್ನು ನೀವೇ ಕೊಟ್ಟಂತೆ. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಮೊದಲೇ ಹಾಕಿ ಒಣಗಿಸಿ, ಮೈಗೆ ಹಚ್ಚಬೇಡಿ. ಜ್ವರ ಅಥವಾ ಮೈಮೇಲೆ ಕೆಂಪು ಉಂಗುರ ಬಂದರೆ ಡಾಕ್ಟರ್.

ಸೊರಬದವರು: ನಮ್ಮ ಕಡೆ ಮಂಗನ ಕಾಯಿಲೆ ತರೋದೂ ಉಣುಗೇ ಅಲ್ವಾ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಶುರುವಾಗಿದ್ದು. ಕಾಡಿಗೆ ಹೋಗುವವರು ಡೇಪಾ ಎಣ್ಣೆ ಹಚ್ಚಿಕೊಳ್ತಾರೆ.

ಮೇಡಂ: ಹೌದು. ಅದು ವೈರಸ್, ಲೈಮ್ ಬ್ಯಾಕ್ಟೀರಿಯಾ. ಇಲ್ಲಿ ಇನ್ನೊಂದೂ ಇದೆ: ಲೋನ್ ಸ್ಟಾರ್ ಅನ್ನುವ ಉಣುಗು ಕಚ್ಚಿದ ಕೆಲವರಿಗೆ ಕುರಿ, ದನ, ಹಂದಿ ಮಾಂಸ ತಿಂದರೆ ಅಲರ್ಜಿ ಆಗುತ್ತದೆ.

ಕೊಲಂಬಸ್ ಹಿರಿಯರು: ನಮ್ಮ ತಾತನ ಕಾಲದಿಂದ ಸೀಮೆಎಣ್ಣೆನೇ ಹಾಕಿದ್ದು. ಯಾರೂ ಸತ್ತಿಲ್ಲ.

ಮೇಡಂ: ಫಾರ್ವರ್ಡ್ ಅಳಿಸಿ ಸರ್. ಯಾರಾದರೂ ಮಗುವಿಗೆ ಹಾಕಿಬಿಡುತ್ತಾರೆ.

ನ್ಯೂಜೆರ್ಸಿ ಸಸ್ಯಾಹಾರಿ: ಅಂಗಡಿಯಲ್ಲಿ ಎಲ್ಲ ಸಿಗುವಾಗ ಪಾಪದ ಹಕ್ಕಿ ಕೊಲ್ಲೋದು ಯಾಕೆ? ನಮ್ಮ ಸಂಸ್ಕೃತಿಯೇ ಅಲ್ಲ ಇದು.

ಸೊರಬದವರು: ಯಾರ ಸಂಸ್ಕೃತಿ ಸ್ವಾಮಿ? ನಮ್ಮಲ್ಲಿ ಕಾನೂನು ಬರುವ ಮುಂಚೆ ಶಿಕಾರಿ ಇತ್ತು. 1972ರ ಕಾಯ್ದೆ ಬಂದ ಮೇಲೆ ಬಿಟ್ಟೆವು. ಇಲ್ಲಿ ಪರವಾನಗಿ ಇದೆ.

ಈರಿ ಕನ್ನಡಿಗ: ನೂರು ವರ್ಷದ ಹಿಂದೆ ಎಷ್ಟೋ ರಾಜ್ಯಗಳಲ್ಲಿ ಟರ್ಕಿ ಅಳಿದೇ ಹೋಗಿತ್ತು. ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯನ್ನು 1937ರ ಕಾಯ್ದೆ ವನ್ಯಜೀವಿಗಳಿಗೆ ಮೀಸಲಿಟ್ಟಿತು, ಆ ದುಡ್ಡಿನಿಂದಲೂ ಹಕ್ಕಿ ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು. ಬೇಟೆಗಾರರೇ ಉಳಿಸಿದ್ದು.

ನ್ಯೂಜೆರ್ಸಿ ಸಸ್ಯಾಹಾರಿ: ಅಳಿಸಿದವರೂ ಅವರೇ. ಕಾಡು ಕಡಿದು, ಮಿತಿಯಿಲ್ಲದೆ ಹೊಡೆದು.

ಈರಿ ಕನ್ನಡಿಗ: ನಿಮಗೆ ಗೊತ್ತಿಲ್ಲದ ವಿಷಯ ಮಾತಾಡಬೇಡಿ.

ನ್ಯೂಜೆರ್ಸಿ ಸಸ್ಯಾಹಾರಿ: ಗೊತ್ತಿರುವುದಕ್ಕೇ ಹೇಳ್ತಿರೋದು.

ಮೇಡಂ: ಇಬ್ಬರ ಮಾತೂ ನಿಜ. ಬೇರೆ ಪೋಸ್ಟ್ ಹಾಕಿ ಅಲ್ಲಿ ಜಗಳ ಆಡಿ. ನನಗೆ ಒಬ್ಬರ ಉತ್ತರ ಬೇಕಾಗಿದೆ. ಪಿಟ್ಸ್‌ಬರ್ಗಿನವರೇ, ಇದ್ದೀರಾ?

ಹೂಸ್ಟನ್ ಟೆಕ್ಕಿ: ಎಚ್1ಬಿ ವೀಸಾದವರು ಬಂದೂಕು ಇಟ್ಟುಕೊಳ್ಳಬಹುದಾ?

ಡೇಟನ್ ಕನ್ನಡಿಗ: ಆಗಲ್ಲ ಬ್ರೋ, ಡಿಪೋರ್ಟ್ ಮಾಡ್ತಾರೆ.

ಮೇಡಂ: ತಪ್ಪು ಹೇಳಬೇಡಿ. ಸಾಮಾನ್ಯವಾಗಿ ನಿಷೇಧ, ಆದರೆ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಕೇಂದ್ರ ಕಾನೂನಿನಲ್ಲಿ ವಿನಾಯಿತಿ ಇದೆ. ಮುಂದಿನದು ವಲಸೆ ವಕೀಲರನ್ನು ಕೇಳಿ, ಗುಂಪಿನಲ್ಲಿ ಅಲ್ಲ.

ಮೇರಿಲ್ಯಾಂಡ್ ಅಕ್ಕ: ಟರ್ಕಿ ಸಾರಿಗೆ ನಾಟಿ ಕೋಳಿ ಮಸಾಲೆನೇ ಸಾಕಾ ಮೇಡಂ?

ಕ್ಲೀವ್‌ಲ್ಯಾಂಡ್ ಹುಡುಗ: ಯಾವ ಟೈಮ್ ಬೆಸ್ಟ್?

ಮೇಡಂ: ಮೊದಲಿನಿಂದ ಓದಿ. ಇನ್ನು ಇದೇ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ.

ಪಿಟ್ಸ್‌ಬರ್ಗ್ ಹೊಸಬ: ಸಾರಿ ಮೇಡಂ, ಆಫೀಸಲ್ಲಿದ್ದೆ. ನನ್ನ ತರಗತಿ ಆಗಿದೆ, ಸ್ವೆಟರ್ ಬಿಡ್ತೀನಿ. ನಿಮ್ಮ ಉತ್ತರ ಗೆಳೆಯನಿಗೆ ಕಳಿಸಿದೆ. ಕೂತ್ಕೊಂಡರೆ ಒಂದೂ ಸಿಗಲ್ಲ, ನಡೀಲೇಬೇಕು ಅಂತಾನೆ.

ಮೇಡಂ: ಹಾಗಾದರೆ ಅವರ ಜೊತೆ ಹೋಗಬೇಡಿ.